ವಜ್ರದ ತೆಳುಪೊರೆ: ಉಜ್ಜಿ ತೆಳುವಾಗಿಸುವುದೋ, ಅಯಾನು ಹೊಡೆದು ಬಿಡಿಸಿಕೊಳ್ಳುವುದೋ?

ಪ್ರಶ್ನೆ – ಕಿರಣಪಥ

ನಮಸ್ಕಾರ. ನಾನು ಸಂಶೋಧನೆಯ ಮೊದಲ ವರ್ಷದಲ್ಲಿದ್ದೇನೆ. ಏಕಸ್ಫಟಿಕ ವಜ್ರದಿಂದ ಸುಮಾರು 300 ನ್ಯಾನೋಮೀಟರ್ ದಪ್ಪದ ಪೊರೆಯನ್ನು ಮಾಡಿಕೊಂಡು, ಅದರಲ್ಲಿ ಬೆಳಕನ್ನು ಹಿಡಿದಿಡುವ ಫೋಟಾನಿಕ್ ಸ್ಫಟಿಕ ಕುಹರವನ್ನು ಕೊರೆದು, ಅದೇ ಪೊರೆಯ ಕಂಪನವನ್ನು ಬೆಳಕಿನ ಮೂಲಕವೇ ಅಳೆಯಬೇಕೆಂಬುದು ನನ್ನ ಯೋಜನೆ. ಓದಿದಷ್ಟೂ ಗೊಂದಲ ಹೆಚ್ಚಾಗಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಸಿಲಿಕಾನ್ ಫೋಟಾನಿಕ್ಸ್‌ನಲ್ಲಿ ಕೆಲಸ ಮಾಡುವವರು ಆಕ್ಸೈಡ್ ಪದರದ ಮೇಲೆ ತೆಳುವಾದ ಏಕಸ್ಫಟಿಕ ಸಿಲಿಕಾನ್ ಇರುವ ಬಿಲ್ಲೆಗಳನ್ನು ಸಿದ್ಧವಾಗಿಯೇ ಕೊಂಡುಕೊಳ್ಳುತ್ತಾರೆ. ಸಿಲಿಕಾನಿನ ಮೇಲೆ ವಜ್ರವನ್ನು ಅನಿಲದಿಂದ ಬೆಳೆಸಲು ಸಾಧ್ಯವಿರುವಾಗ ವಜ್ರಕ್ಕೆ ಅಂಥ ಬಿಲ್ಲೆ ಏಕೆ ಇಲ್ಲ? ಎರಡನೆಯದಾಗಿ, ದಪ್ಪ ಫಲಕವನ್ನು ಉಜ್ಜಿ, ಪ್ಲಾಸ್ಮಾದಲ್ಲಿ ಎಚ್ ಮಾಡಿ (ಅಂದರೆ ಸವೆಸಿ) ತೆಳುವಾಗಿಸುವ ದಾರಿ ಒಂದು, ಅಯಾನುಗಳನ್ನು ಹೊಡೆದು ಮೇಲಿನ ಪದರವನ್ನು ಬಿಡಿಸಿಕೊಳ್ಳುವ ದಾರಿ ಇನ್ನೊಂದು. ಹೊಸಬರು ಯಾವುದನ್ನು ಹಿಡಿಯಬೇಕು? ಕೊನೆಯದಾಗಿ, ಕಂಪಿಸುವ ಪೊರೆಗೆ ವಜ್ರಕ್ಕಿಂತ ಒಳ್ಳೆಯ ವಸ್ತುವಿಲ್ಲ ಎಂದು ಎಲ್ಲ ಕಡೆಯೂ ಬರೆದಿರುತ್ತದೆ. ಅದು ನಿಜವೇ?

ಉತ್ತರ – ಜಾಲಕ

ಕಿರಣಪಥ ಅವರೇ, ಮೊದಲ ಪ್ರಶ್ನೆಗೆ ಉತ್ತರ ಸ್ಫಟಿಕದ ಜಾಲಕದಲ್ಲಿಯೇ ಇದೆ. ವಜ್ರದ ಘಟಕಕೋಶದ ಬದಿ 0.357 ನ್ಯಾನೋಮೀಟರ್, ಸಿಲಿಕಾನಿನದು 0.543. ಇಷ್ಟು ಅಂತರವಿರುವ ನೆಲದ ಮೇಲೆ ವಜ್ರ ಒಂದೇ ಸ್ಫಟಿಕವಾಗಿ ಹಬ್ಬುವುದಿಲ್ಲ. ಸಿಲಿಕಾನ್ ಮೇಲೆ ನ್ಯಾನೋವಜ್ರದ ಕಣಗಳನ್ನು ಬಿತ್ತಿ ಬೆಳೆಸಿದಾಗ ಒಂದೊಂದು ಕಣವೂ ತನ್ನದೇ ದಿಕ್ಕಿನಲ್ಲಿ ಬೆಳೆದು, ಪಕ್ಕದ ಕಣಕ್ಕೆ ತಾಗಿ ನಿಲ್ಲುತ್ತದೆ, ಹಾಗಾಗಿ ಸಿಗುವುದು ಬಹುಸ್ಫಟಿಕ ಪದರ. ಇರಿಡಿಯಂ ಮೇಲೆ ಏಕಸ್ಫಟಿಕವಾಗಿ ಬೆಳೆಸಬಹುದಾದರೂ ಅದರಲ್ಲಿ ಸ್ಥಾನಭ್ರಂಶ ದೋಷಗಳು, ಅಂದರೆ ಪರಮಾಣುಗಳ ಸಾಲು ತಪ್ಪಿದ ಎಡೆಗಳು, ವಿಪರೀತವಾಗಿರುತ್ತವೆ. ಇನ್ನೊಂದು ತೊಡಕನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ: ಸಿಲಿಕಾನನ್ನು ಆಮ್ಲಜನಕದಲ್ಲಿ ಕಾಯಿಸಿದರೆ ಮೇಲ್ಮೈಯಲ್ಲಿ ಗಟ್ಟಿ ಗಾಜಿನ ಪದರ ಸಿಗುತ್ತದೆ, ವಜ್ರವನ್ನು ಕಾಯಿಸಿದರೆ ಸಿಗುವುದು ಇಂಗಾಲದ ಡೈಆಕ್ಸೈಡ್ ಅನಿಲ ಮಾತ್ರ. ಸಿಲಿಕಾನ್ ಬಿಲ್ಲೆಗಳನ್ನು ಒಂದಕ್ಕೊಂದು ಬೆಸೆಯುವ ಕಲೆಯೆಲ್ಲ ಆ ಗಾಜಿನ ಪದರವನ್ನೇ ನಂಬಿಕೊಂಡಿದೆ.

ಬಹುಸ್ಫಟಿಕ ಪದರವನ್ನು ಹೀಗಳೆಯುತ್ತಿಲ್ಲ. 2024ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರೂ ಅವರ ಸಹೋದ್ಯೋಗಿಗಳೂ ಸಿಲಿಕಾನ್ ಮೇಲೆ ಬೆಳೆಸಿದ ವಜ್ರದ ಪದರದ ಅಂಚನ್ನು ತೆರೆದು, ಅಂಟುಪಟ್ಟಿಯಿಂದ ಬಿಲ್ಲೆಯಷ್ಟಗಲದ ಪೊರೆಯನ್ನೇ ಸುಲಿದು ತೋರಿಸಿದರು. ಶಾಖವನ್ನು ಹರಡಲು, ಬಾಗುವ ಸಾಧನಗಳನ್ನು ಮಾಡಲು ಅದು ಸಾಕು. ನಿಮ್ಮ ಕುಹರಕ್ಕೆ ಮಾತ್ರ ಕಣಗಳ ಗಡಿಯಲ್ಲಿ ಬೆಳಕು ಚದುರುವುದೂ, ಬಣ್ಣಕೇಂದ್ರಗಳ (ಬೆಳಕು ಹೊಮ್ಮಿಸುವ, ಪರಮಾಣು ಗಾತ್ರದ ದೋಷಗಳ) ಸುತ್ತಲಿನ ಪರಿಸರ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದೂ ದೊಡ್ಡ ತೊಂದರೆಯಾಗುತ್ತದೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅಯಾನು ಹೊಡೆದು ವಜ್ರದ ಹಾಳೆಯನ್ನು ಬಿಡಿಸುವ ವಿಧಾನ 1992ರಷ್ಟು ಹಳೆಯದು. ಹಗುರವಾದ ಹೀಲಿಯಂ ಅಯಾನು ವಜ್ರದೊಳಗೆ ನುಗ್ಗುವಾಗ ಮೊದಮೊದಲು ಎಲೆಕ್ಟ್ರಾನುಗಳೊಡನೆ ಸೆಣಸಿ ವೇಗ ಕಳೆದುಕೊಳ್ಳುತ್ತದೆಯೇ ಹೊರತು ಪರಮಾಣುಗಳನ್ನು ಅಷ್ಟಾಗಿ ಕದಲಿಸುವುದಿಲ್ಲ. ಓಟದ ಕೊನೆಯಲ್ಲಿ, ನಿಲ್ಲುವ ಮುನ್ನ, ಇಂಗಾಲದ ಪರಮಾಣುಗಳನ್ನು ಸ್ಥಾನದಿಂದ ಕಿತ್ತೊಗೆಯುತ್ತದೆ. ಆದ್ದರಿಂದ ಮೇಲ್ಪದರ ಬಹುಮಟ್ಟಿಗೆ ಉಳಿದು, ನಿರ್ದಿಷ್ಟ ಆಳದಲ್ಲಿ ಮಾತ್ರ ತೆಳುವಾದ ಹಾಳು ಪದರ ಉಂಟಾಗುತ್ತದೆ. ಅಯಾನಿನ ಶಕ್ತಿ 150 ಕಿಲೋ ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಆ ಆಳ ಸುಮಾರು 400 ನ್ಯಾನೋಮೀಟರ್, ಒಂದು ಮೆಗಾ ಎಲೆಕ್ಟ್ರಾನ್ ವೋಲ್ಟ್‌ಗೆ ಹೋದರೆ ಒಂದೂವರೆ ಮೈಕ್ರಾನಿಗಿಂತ ಹೆಚ್ಚು. ಹಾಳಾದ ಪ್ರಮಾಣ ಒಂದು ಮಿತಿಯನ್ನು ದಾಟಿದ್ದರೆ, ಅಂದರೆ ಸ್ಥೂಲವಾಗಿ ಇಪ್ಪತ್ತು ಪರಮಾಣುಗಳಲ್ಲಿ ಒಂದು ಸ್ಥಾನ ಬಿಟ್ಟಿದ್ದರೆ, ನಿರ್ವಾತದಲ್ಲಿ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದಾಗ ಆ ಪದರ ಮತ್ತೆ ವಜ್ರವಾಗದೆ ಗ್ರಾಫೈಟಿನಂತಹ ಇಂಗಾಲವಾಗುತ್ತದೆ. ಅದನ್ನು ಕುದಿಯುವ ಆಮ್ಲಗಳಲ್ಲಿ ಕರಗಿಸಬಹುದು, ಅಥವಾ ಶುದ್ಧ ನೀರಿನಲ್ಲಿ ಎರಡು ವಿದ್ಯುದ್ವಾರಗಳ ನಡುವೆ ಇಟ್ಟು ವಿದ್ಯುತ್ತಿನಿಂದಲೇ ಕೊರೆದು ತೆಗೆಯಬಹುದು. ವಜ್ರಕ್ಕೆ ಎರಡೂ ತಾಗುವುದಿಲ್ಲ.

ಹೀಗೆ ಬಿಡಿಸಿದ ಹಾಳೆಯನ್ನೇ ಸಾಧನವಾಗಿ ಬಳಸಲು ಹೋಗಬೇಡಿ. ಹೀಲಿಯಂ ಹಾದುಹೋದ ಗಾಯಗಳು ಅದರ ಮೈಯಲ್ಲೆಲ್ಲ ಉಳಿದಿರುತ್ತವೆ, ಬಿಡಿಸಿದ ಕೂಡಲೇ ಅದು ಬಾಗುವುದೂ ಉಂಟು. ಈಗ ರೂಢಿಯಲ್ಲಿರುವ ಜಾಣತನವೆಂದರೆ, ಹಾಳೆಯನ್ನು ಬಿಡಿಸುವ ಮೊದಲೇ ಅದರ ಮೇಲೆ ಶುದ್ಧ ವಜ್ರವನ್ನು ಹೊಸದಾಗಿ ಬೆಳೆಸಿ, ಬಿಡಿಸಿದ ಮೇಲೆ ಮಗುಚಿ ಅಂಟಿಸಿ, ಗಾಯಗೊಂಡ ಮೂಲ ಹಾಳೆಯನ್ನು ಪೂರ್ತಿಯಾಗಿ ಎಚ್ ಮಾಡಿ ತೆಗೆದುಬಿಡುವುದು. ಕೊನೆಗೆ ಉಳಿಯುವುದು ಹೊಸದಾಗಿ ಬೆಳೆದ ಭಾಗ ಮಾತ್ರ. ದಪ್ಪ ಎಲ್ಲ ಕಡೆಯೂ ಸಮನಾಗಿರುವುದಕ್ಕೆ ಕಾರಣ ಅಯಾನುಗಳು ಒಂದೇ ಆಳಕ್ಕೆ ಇಳಿಯುವುದು. ಉಜ್ಜುವ ಕಲ್ಲಿಗೆ ಅಷ್ಟು ಸಮನಾದ ಕೈ ಇಲ್ಲ.

ಉತ್ತರ – ಪ್ಲಾಸ್ಮಾವಾಸಿ

ಜಾಲಕ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಉಜ್ಜಿ ಎಚ್ ಮಾಡುವ ದಾರಿಯನ್ನು ಅಷ್ಟು ಬೇಗ ತಳ್ಳಿಹಾಕಬಾರದು. ಅಯಾನು ವೇಗವರ್ಧಕ, ವಜ್ರ ಬೆಳೆಸುವ ರಿಯಾಕ್ಟರ್, ಎರಡೂ ಕೈಗೆ ಸಿಗುವ ಪ್ರಯೋಗಾಲಯಗಳು ಕಡಿಮೆ. ಎಚಿಂಗ್ ಯಂತ್ರ ಒಂದಿದ್ದರೆ ಈ ದಾರಿಯಲ್ಲಿ ನಡೆಯಬಹುದು, ಜೊತೆಗೆ ಮೂಲ ಸ್ಫಟಿಕದ ಗುಣಮಟ್ಟ ಹಾಗೆಯೇ ಉಳಿಯುತ್ತದೆ.

ಶುರುವಿನಲ್ಲಿ ಕೈಯಲ್ಲಿರುವುದು 20ರಿಂದ 40 ಮೈಕ್ರಾನ್ ದಪ್ಪದ, ಎರಡೂ ಬದಿ ಉಜ್ಜಿದ ಫಲಕ. ಅದರ ನಿಜವಾದ ದೋಷ ದಪ್ಪವಲ್ಲ, ಬೆಣೆಯಾಕಾರ. ಪ್ಲಾಸ್ಮಾ ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತೆಗೆಯುವುದರಿಂದ ಫಲಕದಲ್ಲಿದ್ದ ಓರೆ ಪೊರೆಗೂ ಹಾಗೆಯೇ ಇಳಿದು ಬರುತ್ತದೆ. ಅದನ್ನು ಅಳೆಯಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಪೊರೆ ಕೆಲವು ಮೈಕ್ರಾನಿಗೆ ಇಳಿದ ಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು, 546 ನ್ಯಾನೋಮೀಟರಿನ ಹಸಿರು ಬೆಳಕು ಹಾಯಿಸಿದರೆ ಮೇಲ್ಮೈಯಲ್ಲಿ ಕಪ್ಪು-ಹಸಿರು ಪಟ್ಟೆಗಳು ಕಾಣುತ್ತವೆ. ವಜ್ರದ ವಕ್ರೀಭವನಾಂಕ ಸುಮಾರು 2.4 ಆಗಿರುವುದರಿಂದ ಒಂದು ಪಟ್ಟೆಯಿಂದ ಮುಂದಿನ ಪಟ್ಟೆಗೆ ದಪ್ಪ ಸುಮಾರು 114 ನ್ಯಾನೋಮೀಟರ್ ಬದಲಾಗಿರುತ್ತದೆ. ಒಂದು ಮಿಲಿಮೀಟರಿನಲ್ಲಿ ಒಂಬತ್ತು ಪಟ್ಟೆಗಳಿದ್ದರೆ ಓರೆ ಸುಮಾರು ಒಂದು ಮೈಕ್ರಾನ್. ಪಟ್ಟೆಗಳು ನೇರವಾಗಿದ್ದರೆ ಅದು ಬರೀ ಬೆಣೆ, ಬಾಗಿದ್ದರೆ ಪೊರೆಯ ದಪ್ಪದಲ್ಲಿ ಗುಂಡಿ ಇಲ್ಲವೇ ದಿಬ್ಬ ಇದೆ ಎಂದರ್ಥ.

ಈಗ ಲೆಕ್ಕ ಹಾಕಿ ನೋಡಿ. ಮಿಲಿಮೀಟರಿಗೆ ಒಂದು ಮೈಕ್ರಾನ್ ಓರೆಯಿದ್ದರೂ 10 ಮೈಕ್ರಾನ್ ಉದ್ದದ ನಿಮ್ಮ ಕುಹರದೊಳಗೆ ದಪ್ಪ ಬದಲಾಗುವುದು 10 ನ್ಯಾನೋಮೀಟರ್ ಮಾತ್ರ. ಒಂದೇ ಒಂದು ಸಾಧನ ಬೇಕಿರುವವರಿಗೆ ಈ ಓರೆ ಉಪಕಾರವನ್ನೇ ಮಾಡುತ್ತದೆ, ಏಕೆಂದರೆ ಪೊರೆಯಲ್ಲಿ ಎಲ್ಲೋ ಒಂದು ಕಡೆ ಸರಿಯಾಗಿ 300 ನ್ಯಾನೋಮೀಟರ್ ಇದ್ದೇ ಇರುತ್ತದೆ. ಒಂದೇ ಬಗೆಯ ನೂರಾರು ಸಾಧನಗಳು ಬೇಕು ಎನ್ನುವವರು ಮಾತ್ರ ಅಯಾನಿನ ದಾರಿಗೆ ಹೋಗಲೇಬೇಕಾಗುತ್ತದೆ.

ಎಚಿಂಗ್ ಬಗ್ಗೆ ಎರಡು ಮಾತು. ಉಜ್ಜಿದ ವಜ್ರದ ಮೇಲ್ಮೈಯ ಕೆಳಗೆ ಕಣ್ಣಿಗೆ ಕಾಣದ ಬಿರುಕು, ಒತ್ತಡಗಳ ಪದರವಿರುತ್ತದೆ. ಆರ್ಗಾನ್ ಮತ್ತು ಕ್ಲೋರಿನ್ ಬೆರಕೆಯ ಪ್ಲಾಸ್ಮಾ ನಿಧಾನವಾದರೂ ಅದನ್ನು ನುಣುಪಾಗಿ ತೆಗೆಯುತ್ತದೆ, ಹಾಗಾಗಿ ಮೊದಲ ಕೆಲವು ಮೈಕ್ರಾನುಗಳನ್ನು ಅದರಿಂದಲೇ ತೆಗೆಯಿರಿ. ಆಮೇಲೆ ಬೇಗ ಕೆಲಸ ಮುಗಿಸುವ ಆಮ್ಲಜನಕ ಪ್ಲಾಸ್ಮಾ. ಅದರಲ್ಲಿ ಒಂದು ಅಪಾಯವಿದೆ: ಅಡಿಯ ಫಲಕದಿಂದಲೋ ಮುಸುಕಿನಿಂದಲೋ ಸಿಡಿದ ಆಕ್ಸೈಡಿನ ಕಣವೊಂದು ವಜ್ರದ ಮೇಲೆ ಬಿದ್ದರೆ ಅದರ ಕೆಳಗಿನ ಭಾಗ ಎಚ್ ಆಗದೆ ಸೂಜಿಯಂತೆ ಎದ್ದು ನಿಲ್ಲುತ್ತದೆ, ಅಂಥ ಕಣಗಳು ನೂರಾರು ಬಿದ್ದರೆ ಮೇಲ್ಮೈ ಹುಲ್ಲುಗಾವಲಾಗುತ್ತದೆ. ನಡುನಡುವೆ ಆರ್ಗಾನ್-ಕ್ಲೋರಿನ್ ಹಂತವನ್ನು ಸೇರಿಸಿದರೆ ಇದು ಹತೋಟಿಗೆ ಬರುತ್ತದೆ. ಕೊನೆಯ ಹಂತ ಮಾತ್ರ ಆಮ್ಲಜನಕದ್ದೇ ಆಗಿರಲಿ, ಮೇಲ್ಮೈಯಲ್ಲಿ ಕ್ಲೋರಿನ್ ಉಳಿಯುವುದು ಬಣ್ಣಕೇಂದ್ರಗಳಿಗೆ ಒಳ್ಳೆಯದಲ್ಲ.

ಉತ್ತರ – ಕಂಪನಾಂಕ

ಮೂರನೆಯ ಪ್ರಶ್ನೆಗೆ ಯಾರೂ ಕೈಹಾಕಿಲ್ಲ, ಹಾಗಾಗಿ ಸ್ವಲ್ಪ ಅಪ್ರಿಯವಾದದ್ದನ್ನು ನಾನೇ ಹೇಳುತ್ತೇನೆ. ಕಂಪನವೊಂದೇ ಗುರಿಯಾಗಿದ್ದರೆ ವಜ್ರವನ್ನು ಬಿಟ್ಟು ಸಿಲಿಕಾನ್ ನೈಟ್ರೈಡನ್ನು ಹಿಡಿಯಿರಿ.

ವಜ್ರದ ಹೆಗ್ಗಳಿಕೆ ಅದರ ಬಿಗಿತ. ಯಂಗ್ ಗುಣಾಂಕ ಸಾವಿರ ಗಿಗಾಪಾಸ್ಕಲ್‌ಗಿಂತ ಹೆಚ್ಚು, ಸಾಂದ್ರತೆ ಘನಮೀಟರಿಗೆ ಸುಮಾರು 3,500 ಕಿಲೋಗ್ರಾಂ. ಈ ಎರಡರ ಅನುಪಾತದ ವರ್ಗಮೂಲವೇ ಕಂಪನದ ವೇಗವನ್ನು ನಿರ್ಧರಿಸುವುದರಿಂದ, ಒಂದೇ ಆಕಾರದ ಸಿಲಿಕಾನ್ ಪೊರೆಗಿಂತ ವಜ್ರದ ಪೊರೆಯ ಆವೃತ್ತಿ ಸುಮಾರು ಎರಡು ಪಟ್ಟಾಗುತ್ತದೆ. ಅಂಚು ಬಿಗಿದ, 100 ಮೈಕ್ರಾನ್ ವ್ಯಾಸದ, 300 ನ್ಯಾನೋಮೀಟರ್ ದಪ್ಪದ ವೃತ್ತಾಕಾರದ ವಜ್ರಪೊರೆಗೆ ಲೆಕ್ಕ ಹಾಕಿದರೆ ಮೂಲ ಆವೃತ್ತಿ ಹೆಚ್ಚುಕಡಿಮೆ ಒಂದು ಮೆಗಾಹರ್ಟ್ಸ್ ಬರುತ್ತದೆ, ಸಿಲಿಕಾನಿಗೆ ಅದರ ಅರ್ಧ. ಒಳ್ಳೆಯದೇ, ಆದರೆ ಎರಡು ಪಟ್ಟಿಗೆ ಇಷ್ಟೆಲ್ಲ ಪಾಡು ಪಡುವ ಅಗತ್ಯವಿಲ್ಲ.

ಕಂಪನ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಹೇಳುವ ಕ್ಯೂ ಮೌಲ್ಯವನ್ನು ನೋಡಿ. ಏಕಸ್ಫಟಿಕ ವಜ್ರದ ಸಣ್ಣ ಚಾಚುಪಟ್ಟಿಗಳಲ್ಲಿ ಕೋಣೆಯ ಉಷ್ಣತೆಯಲ್ಲಿಯೇ ಹತ್ತು ಲಕ್ಷವನ್ನು ಮೀರಿದ ಕ್ಯೂ ಮೌಲ್ಯವನ್ನು 2014ರಲ್ಲಿ ತೋರಿಸಲಾಯಿತು. ಎಳೆತದಲ್ಲಿರುವ ಸಿಲಿಕಾನ್ ನೈಟ್ರೈಡ್ ಪೊರೆಗಳಲ್ಲಿ, ಅಂಚಿನ ಬಾಗುವಿಕೆಯನ್ನು ತಪ್ಪಿಸುವ ರಂಧ್ರವಿನ್ಯಾಸದೊಂದಿಗೆ, ಅದೇ ಉಷ್ಣತೆಯಲ್ಲಿ ಹತ್ತು ಕೋಟಿಯನ್ನು ದಾಟಿದ್ದು 2017ರಲ್ಲಿ. ವ್ಯತ್ಯಾಸದ ಮೂಲ ಎಳೆತ. ನೈಟ್ರೈಡ್ ಪದರವನ್ನು ನಿಕ್ಷೇಪಿಸುವಾಗಲೇ ಒಂದು ಗಿಗಾಪಾಸ್ಕಲ್‌ನಷ್ಟು ಎಳೆತ ಅದರೊಳಗೆ ಕೂತುಬಿಡುತ್ತದೆ, ಆ ಎಳೆತದಲ್ಲಿ ಕೂಡಿದ ಶಕ್ತಿ ನಷ್ಟವಿಲ್ಲದೆ ಹಿಂದಿರುಗುವುದರಿಂದ ಒಟ್ಟು ನಷ್ಟದ ಪಾಲು ಕುಗ್ಗುತ್ತದೆ. ಬಿಡಿಸಿಕೊಂಡ ಏಕಸ್ಫಟಿಕ ವಜ್ರದಲ್ಲಿ ಅಂಥ ಎಳೆತ ತಾನಾಗಿ ಇರುವುದಿಲ್ಲ.

ಹಾಗಾದರೆ ವಜ್ರ ಯಾವಾಗ ಬೇಕು? ಬಹಳ ಬೆಳಕನ್ನು ಒಳಗೆ ತುಂಬಬೇಕಾದಾಗ. ವಜ್ರದ ಶಕ್ತಿಪಟ್ಟಿಯ ಅಂತರ 5.47 ಎಲೆಕ್ಟ್ರಾನ್ ವೋಲ್ಟ್ ಇರುವುದರಿಂದ 1,550 ನ್ಯಾನೋಮೀಟರಿನ ಎರಡು ಫೋಟಾನುಗಳು ಕೂಡಿದರೂ ಅದನ್ನು ದಾಟಲಾರವು, ಸಿಲಿಕಾನಿನಲ್ಲಿ ದಾಟಿ ಶಾಖವಾಗುತ್ತವೆ. ಉಂಟಾದ ಅಲ್ಪ ಶಾಖವೂ ವಜ್ರದಲ್ಲಿ ಬೇಗ ಹರಿದುಹೋಗುತ್ತದೆ, ಆದರೆ ಕೈಪಿಡಿಯಲ್ಲಿರುವ, ಮೀಟರ್-ಕೆಲ್ವಿನ್‌ಗೆ ಸುಮಾರು 2,200 ವ್ಯಾಟ್ ಎಂಬ ಉಷ್ಣವಾಹಕತೆಯ ಅಂಕಿ ದಪ್ಪ ಸ್ಫಟಿಕದ್ದು, 300 ನ್ಯಾನೋಮೀಟರಿನ ಪೊರೆಯಲ್ಲಿ ಫೋನಾನುಗಳು (ಶಾಖ ಒಯ್ಯುವ ಜಾಲಕದ ಕಂಪನಗಳು) ಎರಡೂ ಮೇಲ್ಮೈಗೆ ಬಡಿದು ಅದು ಗಣನೀಯವಾಗಿ ಇಳಿಯುತ್ತದೆ ಎಂಬುದು ನೆನಪಿರಲಿ. ಇನ್ನೊಂದು ಕಾರಣ, ಕಂಪನವನ್ನು ಬಣ್ಣಕೇಂದ್ರದ ಸ್ಪಿನ್‌ಗೆ (ಅದರ ಎಲೆಕ್ಟ್ರಾನಿನ ಕಾಂತೀಯ ಸ್ಥಿತಿಗೆ) ಜೋಡಿಸಬೇಕಾದಾಗ. ಅಲ್ಲಿ ವಜ್ರಕ್ಕೆ ಎದುರಾಳಿಗಳು ವಿರಳ. ನಿಮ್ಮ ಯೋಜನೆಯಲ್ಲಿ ಇವೆರಡರಲ್ಲಿ ಯಾವುದಿದೆ ಎಂದು ತಿಳಿಸಿದರೆ ಮುಂದೆ ಹೇಳಬಹುದು.

ಕಿರಣಪಥ

ಮೂವರಿಗೂ ಧನ್ಯವಾದಗಳು. ಕಂಪನಾಂಕ ಅವರು ಕೇಳಿದ್ದಕ್ಕೆ ಉತ್ತರ: ಎರಡನೆಯದು. ಸಿಲಿಕಾನ್-ವೇಕೆನ್ಸಿ ಕೇಂದ್ರಗಳನ್ನು (ಖಾಲಿ ಪರಮಾಣು ಸ್ಥಾನದ ಜೊತೆ ಸಿಲಿಕಾನ್ ಪರಮಾಣು ಸೇರಿ ಆದ ಬಣ್ಣಕೇಂದ್ರಗಳನ್ನು) ಕುಹರದ ನಡುವೆ ಇರಿಸಿ, ಪೊರೆಯ ವಿರೂಪ ಅವುಗಳ ಶಕ್ತಿಮಟ್ಟಗಳನ್ನು ಹೇಗೆ ಸರಿಸುತ್ತದೆ ಎಂಬುದನ್ನು ನೋಡಬೇಕು. ನೈಟ್ರೋಜನ್-ವೇಕೆನ್ಸಿಯನ್ನು ಬಿಟ್ಟು ಇದನ್ನು ಆರಿಸಿದ್ದು ಸರಿಯೇ? ಇಷ್ಟಕ್ಕೂ ಇದಕ್ಕೆ ಪೊರೆಯೇ ಬೇಕೇ ಎಂಬ ಸಂದೇಹವೂ ಈಗ ಮೂಡಿದೆ.

ಉತ್ತರ – ಜಾಲಕ

ಆಯ್ಕೆ ಸರಿಯಾಗಿದೆ. ನೈಟ್ರೋಜನ್-ವೇಕೆನ್ಸಿ ಹೊಮ್ಮಿಸುವ ಬೆಳಕಿನಲ್ಲಿ ಸುಮಾರು ನೂರಕ್ಕೆ ಮೂರು ಪಾಲು ಮಾತ್ರ 637 ನ್ಯಾನೋಮೀಟರಿನ ಶುದ್ಧ ರೇಖೆಯಲ್ಲಿರುತ್ತದೆ, ಉಳಿದದ್ದು ಜಾಲಕದ ಕಂಪನಗಳೊಡನೆ ಬೆರೆತು ಹರಡಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, 300 ನ್ಯಾನೋಮೀಟರಿನ ಪೊರೆಯಲ್ಲಿ ಯಾವ ಕೇಂದ್ರವೂ ಮೇಲ್ಮೈಯಿಂದ 150 ನ್ಯಾನೋಮೀಟರಿಗಿಂತ ದೂರವಿರಲು ಸಾಧ್ಯವಿಲ್ಲ. ಮೇಲ್ಮೈಯ ಅಲೆದಾಡುವ ವಿದ್ಯುದಾವೇಶಗಳಿಂದ ನೈಟ್ರೋಜನ್-ವೇಕೆನ್ಸಿಯ ರೇಖೆ ಅತ್ತಿತ್ತ ಸರಿಯುತ್ತಲೇ ಇರುತ್ತದೆ. 737 ನ್ಯಾನೋಮೀಟರಿನಲ್ಲಿ ಬೆಳಗುವ ಸಿಲಿಕಾನ್-ವೇಕೆನ್ಸಿಯ ರಚನೆ ಕೇಂದ್ರದ ಎರಡೂ ಕಡೆ ಸಮಮಿತವಾಗಿರುವುದರಿಂದ ವಿದ್ಯುತ್‌ಕ್ಷೇತ್ರದ ಮೊದಲ ಹಂತದ ಪ್ರಭಾವ ಅದಕ್ಕೆ ತಟ್ಟುವುದಿಲ್ಲ. ವಿರೂಪಕ್ಕೆ ಮಾತ್ರ ಅದು ನೈಟ್ರೋಜನ್-ವೇಕೆನ್ಸಿಯ ಸ್ಪಿನ್‌ಗಿಂತ ಸಾವಿರಾರು ಪಟ್ಟು ಚುರುಕಾಗಿ ಸ್ಪಂದಿಸುತ್ತದೆ, ನಿಮಗೆ ಬೇಕಿರುವುದೂ ಅದೇ. ಆದರೆ ಸ್ಪಿನ್ ದೀರ್ಘಕಾಲ ಉಳಿಯಬೇಕಾದರೆ ಒಂದು ಕೆಲ್ವಿನ್‌ನ ಹತ್ತನೆಯ ಒಂದಂಶದಷ್ಟು ತಂಪು ಬೇಕು, ಅಂಥ ಶೈತ್ಯಯಂತ್ರ ಇಲ್ಲದಿದ್ದರೆ ತವರ-ವೇಕೆನ್ಸಿಯನ್ನು ಪರಿಗಣಿಸಿ, ಅದು ಒಂದೆರಡು ಕೆಲ್ವಿನ್‌ನಲ್ಲಿಯೂ ನಡೆಯುತ್ತದೆ.

ಪೊರೆ ಬೇಕೇ ಎಂಬ ಸಂದೇಹ ನ್ಯಾಯವಾದದ್ದು. ದಪ್ಪ ವಜ್ರದಲ್ಲಿಯೇ ಅಯಾನುಗಳನ್ನು ಓರೆಯಾಗಿ ಬೀಳಿಸಿ, ತ್ರಿಕೋನ ಅಡ್ಡಕೊಯ್ತದ ತೂಗುದಂಡವನ್ನು ಕೆತ್ತುವ ವಿಧಾನವನ್ನು ಹಾರ್ವರ್ಡ್‌ನವರು 2012ರಲ್ಲಿ ತೋರಿಸಿದರು. ಕೆಲವು ಸ್ಫಟಿಕ ಮುಖಗಳಲ್ಲಿ ನಿಧಾನವಾಗುವ ಎಚಿಂಗ್‌ನಿಂದ ಅಡಿಯನ್ನು ಕೊರೆದು ಆಯತಾಕಾರದ ದಂಡವನ್ನು ಬಿಡಿಸುವ ವಿಧಾನ 2015ರಲ್ಲಿ ಕ್ಯಾಲ್ಗರಿಯಿಂದ ಬಂದಿತು. ಒಂದು ಆಯಾಮದ ಕುಹರಕ್ಕೆ ಇವು ಧಾರಾಳವಾಗಿ ಸಾಕು, ಉಜ್ಜುವುದೂ ಇಲ್ಲ, ಅಂಟಿಸುವುದೂ ಇಲ್ಲ. ಎರಡು ಆಯಾಮದ ರಂಧ್ರಜಾಲ ಬೇಕಿದ್ದರೆ, ಪೊರೆಯನ್ನು ಬೇರೆ ವಸ್ತುವಿನ ಚಿಪ್‌ಗೆ ಜೋಡಿಸಬೇಕಿದ್ದರೆ, ಅಥವಾ ಎರಡು ಕನ್ನಡಿಗಳ ನಡುವಿನ ತೆರೆದ ಕುಹರದಲ್ಲಿ ಇಡಬೇಕಿದ್ದರೆ ಪೊರೆಗೆ ಬದಲಿಯಿಲ್ಲ.

ಉತ್ತರ – ಪ್ಲಾಸ್ಮಾವಾಸಿ

ಒಂದು ಸೇರ್ಪಡೆ. ಪೊರೆಯ ದಾರಿಯಲ್ಲಿಯೇ ಹೋಗುವುದಾದರೆ, ಕುಹರ ಕೊರೆದ ಮೇಲೆ ಕೇಂದ್ರಗಳನ್ನು ನಾಟುವ ಬದಲು, ಫಲಕ ಇನ್ನೂ ದಪ್ಪವಾಗಿದ್ದು ಮೇಲ್ಮೈ ಆರ್ಗಾನ್-ಕ್ಲೋರಿನ್‌ನಲ್ಲಿ ನುಣುಪಾದ ಹಂತದಲ್ಲಿ ಸಿಲಿಕಾನ್ ಅಯಾನುಗಳನ್ನು ಸುಮಾರು 150 ನ್ಯಾನೋಮೀಟರ್ ಆಳಕ್ಕೆ ನಾಟಿ, ನಿರ್ವಾತದಲ್ಲಿ ಕಾಯಿಸಿ, ಆಮ್ಲದಲ್ಲಿ ಶುಚಿಗೊಳಿಸಿಬಿಡಿ. ಆಮೇಲೆ ಹಿಂಬದಿಯಿಂದ ಮಾತ್ರ ತೆಳುವಾಗಿಸುತ್ತ ಬನ್ನಿ. ತೆಳುಪೊರೆಯನ್ನು ಆಮ್ಲದಲ್ಲಿ ಕುದಿಸಿ ಮತ್ತೆ ಹಿಡಿದು ತೆಗೆಯುವ ಕಷ್ಟ ತಪ್ಪುತ್ತದೆ, ಕೇಂದ್ರಗಳ ಬೆಳಕನ್ನು ದಪ್ಪ ಫಲಕದಲ್ಲಿಯೇ ಪರೀಕ್ಷಿಸಿ, ಒಳ್ಳೆಯ ಜಾಗಗಳನ್ನು ಗುರುತಿಸಿಟ್ಟುಕೊಂಡು ಮುಂದುವರಿಯಬಹುದು.