ಮದ್ದೂರು ವಡೆ: ಕಾರ್ಡಿನ ಅಳತೆ ನಾಲ್ಕು ಪಟ್ಟು ಮಾಡಿದರೆ ಎಣ್ಣೆ ಕುಡಿಯುತ್ತಿದೆ, ಯಾಕೆ?

ಚಿರೋಟಿ ರವೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಮಗಳ ಬರ್ತ್‌ಡೇ, ಸುಮಾರು 30 ಜನ ಬರುತ್ತಾರೆ. ಸ್ಟಾರ್ಟರ್‌ಗೆ ಮದ್ದೂರು ವಡೆ ಮತ್ತು ಗೋಬಿ ಮಂಚೂರಿ ಅಂದುಕೊಂಡಿದ್ದೇನೆ. ಎರಡಕ್ಕೂ ನಮ್ಮ ಅತ್ತೆ ಬರೆದಿಟ್ಟ ರೆಸಿಪಿ ಕಾರ್ಡ್ ಇದೆ. ವಡೆ ಕಾರ್ಡಿನಲ್ಲಿ ಇರುವುದು ಇಷ್ಟು: ಅಕ್ಕಿ ಹಿಟ್ಟು 1 ಕಪ್, ಚಿರೋಟಿ ರವೆ ಅರ್ಧ ಕಪ್, ಮೈದಾ ಕಾಲು ಕಪ್, ಈರುಳ್ಳಿ 2, ಬಿಸಿ ತುಪ್ಪ 2 ದೊಡ್ಡ ಚಮಚ, ನೀರು ಅರ್ಧ ಕಪ್, ಮೆಣಸಿನಕಾಯಿ, ಕರಿಬೇವು, ಉಪ್ಪು. ನಾಲ್ಕು ಜನಕ್ಕೆ ಈ ಅಳತೆ ಸರಿಯಾಗಿ ಬರುತ್ತದೆ. ಟ್ರಯಲ್‌ಗೆ ಎಲ್ಲವನ್ನೂ ನಾಲ್ಕು ಪಟ್ಟು ಹಾಕಿ ಕಲಸಿದೆ. ಮೊದಲ ಒಬ್ಬೆ ಗರಿಗರಿ. ಆಮೇಲೆ ಬಂದದ್ದೆಲ್ಲ ಮೆತ್ತಗೆ, ಎಣ್ಣೆ ಜಿನುಗುತ್ತಿತ್ತು. ಕೊನೆಯವು ಎಣ್ಣೆಗೆ ಬಿಡುವಾಗಲೇ ಮುರಿದವು. ಎಲ್ಲಿ ತಪ್ಪುತ್ತಿದೆ?

ಬಾಣಲೆ:
ಈರುಳ್ಳಿ, ಉಪ್ಪು ಮೊದಲೇ ಪೂರ್ತಿ ಹಿಟ್ಟಿಗೆ ಸೇರಿಸಿದಿರಾ? ಒಂದು ಸಲಕ್ಕೆ ಎಷ್ಟು ವಡೆ ಬಿಟ್ಟಿರಿ? ಈರುಳ್ಳಿ ಎಷ್ಟು ದಪ್ಪದ್ದು?

ಚಿರೋಟಿ ರವೆ:
ಹೌದು ಮೇಡಂ, ಎಲ್ಲ ಒಟ್ಟಿಗೇ ಕಲಸಿಟ್ಟೆ. ಕರಿದು ಮುಗಿಯೋ ಹೊತ್ತಿಗೆ ಒಂದು ಗಂಟೆ ದಾಟಿತ್ತು. ಬೇಗ ಆಗಲಿ ಅಂತ ಒಂದು ಸಲಕ್ಕೆ ಎಂಟು ಬಿಟ್ಟೆ. ಈರುಳ್ಳಿ ದಪ್ಪದ್ದೇ, ಎಂಟು ಹಾಕಿದೆ.

ಬಾಣಲೆ:
ಹಾಗಾದರೆ ಕಾರಣ ಸಿಕ್ಕಿತು. ಕಾರ್ಡಿನಲ್ಲಿ ಹಿಟ್ಟಿಗೆ ಕಪ್ ಲೆಕ್ಕ ಇದೆ, ಈರುಳ್ಳಿಗೆ ಮಾತ್ರ ಸಂಖ್ಯೆ. ಎರಡು ಸಣ್ಣ ಈರುಳ್ಳಿಗೂ ಎರಡು ದಪ್ಪದಕ್ಕೂ ತುಂಬಾ ವ್ಯತ್ಯಾಸ ಅಲ್ವಾ? ನಾಲ್ಕು ಪಟ್ಟು ಮಾಡಿದಾಗ ಆ ವ್ಯತ್ಯಾಸವೂ ನಾಲ್ಕು ಪಟ್ಟಾಯಿತು. ಒಂದು ಅಳತೆಗೆ ಹೆಚ್ಚಿದ ಈರುಳ್ಳಿ 150 ಗ್ರಾಂ ಸಾಕು, ತಕ್ಕಡಿಯಲ್ಲಿ ತೂಗಿಬಿಡಿ.

ಉಪ್ಪು ತಾಗಿದ ಈರುಳ್ಳಿ ನೀರು ಬಿಡುತ್ತಲೇ ಇರುತ್ತದೆ. ರವೆ ನೆನೆಯಲು ಹತ್ತು ನಿಮಿಷ ಬೇಕು, ಅಷ್ಟು ಬಿಟ್ಟರೆ ಒಳ್ಳೆಯದೇ. ಒಂದು ಗಂಟೆ ಇಟ್ಟರೆ ಹಿಟ್ಟು ಸಡಿಲವಾಗುತ್ತದೆ, ವಡೆ ಮುರಿಯುತ್ತದೆ. ಕರಿಯುವಾಗ ನೀರು ಆವಿಯಾಗಿ ಹೋದ ಜಾಗಕ್ಕೇ ಎಣ್ಣೆ ನುಗ್ಗುವುದು. ಹಸಿ ಜಾಸ್ತಿ ಇದ್ದರೆ ಎಣ್ಣೆಯೂ ಜಾಸ್ತಿ. ಅದರ ಮೇಲೆ ಎಂಟೆಂಟು ಬಿಟ್ಟರೆ ಎಣ್ಣೆ ತಣ್ಣಗಾಗಿ ವಡೆ ಬೇಯದೆ ಸುಮ್ನೆ ನೆನೆಯುತ್ತದೆ.

ಹೀಗೆ ಮಾಡಿ. ಹಿಟ್ಟು, ರವೆ, ಮೈದಾಗೆ ಬಿಸಿ ತುಪ್ಪ ಸುರಿದು ಕೈಯಲ್ಲಿ ಉಜ್ಜಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಈ ಒಣ ಹಿಟ್ಟನ್ನು ಬೆಳಗ್ಗೆಯೇ ಮಾಡಿ, ನಾಲ್ಕು ಭಾಗ ಮಾಡಿ ಡಬ್ಬಿಗೆ ಹಾಕಿಡಿ. ಒಂದು ಭಾಗ ಕರಿಯುವ ಹೊತ್ತಿಗೆ ಅದಕ್ಕೆ ಮಾತ್ರ ಉಪ್ಪು, ಈರುಳ್ಳಿ, ಮೆಣಸಿನಕಾಯಿ, ಕರಿಬೇವು ಹಾಕಿ ಹಿಸುಕಿ. ಆಮೇಲೆ ನೀರು ಚಿಮುಕಿಸುತ್ತಾ ಗಟ್ಟಿಯಾಗಿ ಕಲಸಿ. ಕಾರ್ಡಿನ ಅರ್ಧ ಕಪ್ ಪೂರ್ತಿ ಬೇಕಾಗದೇ ಇರಬಹುದು. ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ತಟ್ಟಿ, ನಾಲ್ಕು ನಾಲ್ಕೇ ಬಿಡಿ. ಉರಿ ಮಧ್ಯಮ ಇರಲಿ. ಥರ್ಮಾಮೀಟರ್ ಇದ್ದರೆ 160ರಿಂದ 170 ಡಿಗ್ರಿ ಸೆಲ್ಸಿಯಸ್. ಇಲ್ಲದಿದ್ದರೆ ಚಿಟಿಕೆ ಹಿಟ್ಟು ಹಾಕಿ ನೋಡಿ, ಕಪ್ಪಾಗದೆ ನಿಧಾನವಾಗಿ ಮೇಲೆ ಬರಬೇಕು.

ಹಸಿಮೆಣಸು:
ಒಂದು ಮಾತು ಸೇರಿಸುತ್ತೇನೆ. ಕರಿದ ವಡೆಯನ್ನು ಬಿಸಿಯಾಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಬೇಡಿ. ಜಾಲರಿ ಮೇಲೆ ಒಂದರ ಪಕ್ಕ ಒಂದು ಹರಡಿ. ಪೂರ್ತಿ ಆರಿದ ಮೇಲೆ ಡಬ್ಬಿ. ಈ ವಡೆ ಬೆಂಗಳೂರು-ಮೈಸೂರು ರೈಲಿನಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ತಿಂಡಿ, ಆರಿದ ಮೇಲೂ ಚೆನ್ನಾಗಿರುತ್ತದೆ. ಮಧ್ಯಾಹ್ನವೇ ಕರಿದಿಟ್ಟರೂ ನಡೆಯುತ್ತದೆ.

ಗೋಬಿ ಕಾರ್ಡಿನಲ್ಲಿ ಕೆಂಪು ಬಣ್ಣ ಅಂತ ಇದೆಯಾ?

ಚಿರೋಟಿ ರವೆ:
ಇದೆ, "ಕೆಂಪು ಕಲರ್ ಚಿಟಿಕೆ" ಅಂತ.

ಹಸಿಮೆಣಸು:
ಅದನ್ನು ಹೊಡೆದು ಹಾಕಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಪರೀಕ್ಷೆಗೆ ಹೋದ ಮಾದರಿಗಳಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಮಕ್ಕಳ ತಟ್ಟೆಗೆ ಅದು ಬರಲೇಬಾರದು. ಬ್ಯಾಡಗಿ ಮೆಣಸಿನ ಪುಡಿ ಹಾಕಿ. ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಕಡಿಮೆ. ಹೂಕೋಸನ್ನು ಮೊದಲೇ ಒಂದು ಸಲ ಅರೆಬರೆ ಕರಿದಿಡಿ. ಜನ ಬಂದ ಮೇಲೆ ಇನ್ನೊಮ್ಮೆ ಜೋರು ಉರಿಯಲ್ಲಿ ಕರಿದು, ಬಡಿಸುವ ಮುಂಚೆ ಸಾಸ್‌ಗೆ ಹಾಕಿ ಹೊರಳಿಸಿ. ಸಾಸ್‌ನಲ್ಲಿ ಮೊದಲೇ ಬಿಟ್ಟರೆ ಎಷ್ಟು ಗರಿ ಇದ್ದರೂ ಮೆತ್ತಗಾಗುತ್ತದೆ.

ಚಿರೋಟಿ ರವೆ:
ಇವತ್ತು ವಡೆ ಎರಡು ಭಾಗ ಮಾಡಿ ನೋಡಿದೆ. ಎರಡನೆಯ ಭಾಗದ ಕೊನೆಯ ವಡೆಯೂ ಮೊದಲನೆಯದರ ಹಾಗೇ ಬಂತು. ಪೇಪರ್ ಮೇಲೆ ಎಣ್ಣೆ ಕಲೆ ಕಾಣಲಿಲ್ಲ. ನೀರು ಅರ್ಧ ಕಪ್‌ಗಿಂತ ಕಡಿಮೆಯೇ ಹಿಡಿಯಿತು. ಅತ್ತೆಯ ಕಾರ್ಡಿನಲ್ಲಿ "ಈರುಳ್ಳಿ 2" ಪಕ್ಕ "150 ಗ್ರಾಂ" ಅಂತ ಬರೆದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗೋಬಿ ನಾಳೆ ಮಾಡಿ ತಿಳಿಸುತ್ತೇನೆ.

ಬಾಣಲೆ:
ಸಂತೋಷ. "ಒಂದು ಸಲಕ್ಕೆ ನಾಲ್ಕು" ಅನ್ನೋದನ್ನೂ ಕಾರ್ಡಿಗೆ ಸೇರಿಸಿ. ಭಾನುವಾರ ಕರಿಯಲು ಬೇರೆ ಯಾರಾದರೂ ನಿಂತರೆ ಅವರಿಗೂ ಗೊತ್ತಾಗುತ್ತದೆ.