ಹೊರದೇಶದ ಅಧಿಕಾರಿಗಳಿಗೆ ಮಳೆ ಮುನ್ಸೂಚನೆ ತರಬೇತಿ: ಸಿಪಿಟಿ ತಂತ್ರಾಂಶದಲ್ಲಿ ಸಹಸಂಬಂಧ 0.82 ಬರುತ್ತಿದೆ, ನಂಬಬಹುದೇ?

ಮಳೆಲೆಕ್ಕ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಐದು ದಿನದ ತರಬೇತಿಯೊಂದಕ್ಕೆ ಪಾಠ ಸಿದ್ಧಪಡಿಸುತ್ತಿದ್ದೇವೆ. ಇಥಿಯೋಪಿಯಾ, ಮಲಾವಿ, ನೈಜರ್, ನೇಪಾಳದ ಹವಾಮಾನ ಮತ್ತು ಕೃಷಿ ಇಲಾಖೆಗಳಿಂದ ಹನ್ನೆರಡು ಜನ ಬರುತ್ತಾರೆ. ವಾಪಸ್ ಹೋದ ಮೇಲೆ ಅವರು ತಮ್ಮದೇ ಲ್ಯಾಪ್‌ಟಾಪಿನಲ್ಲಿ, ನೆಟ್ ಇದ್ದರೂ ಇಲ್ಲದಿದ್ದರೂ, ಹಂಗಾಮಿನ ಮಳೆ ಮುನ್ಸೂಚನೆ ತಾವೇ ತಯಾರಿಸುವಂತಾಗಬೇಕು. ಅದಕ್ಕೇ ಅಮೆರಿಕದ ಹವಾಮಾನ ಸಂಶೋಧನಾ ಸಂಸ್ಥೆ ಐಆರ್‌ಐಯ ಉಚಿತ ಸಿಪಿಟಿ ತಂತ್ರಾಂಶ ಆರಿಸಿಕೊಂಡೆವು.

ಅಭ್ಯಾಸಕ್ಕೆ ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ 1991ರಿಂದ 2020ರವರೆಗಿನ ಜೂನ್–ಸೆಪ್ಟೆಂಬರ್ ಮಳೆ ಹಾಕಿದ್ದೇವೆ. ಫೆಬ್ರವರಿ–ಮಾರ್ಚ್ ಸಮುದ್ರ ಮೇಲ್ಮೈ ತಾಪಮಾನದ ಜೊತೆ ಸಹಸಂಬಂಧದ ನಕ್ಷೆ ತೆಗೆದು, ಬಣ್ಣ ಗಾಢವಾಗಿದ್ದ ಐದು ಚೌಕ ಆರಿಸಿ ರಿಗ್ರೆಷನ್ ಮಾಡಿದರೆ, ಅಡ್ಡಪರೀಕ್ಷೆ (ಒಂದೊಂದು ವರ್ಷ ಹೊರಗಿಟ್ಟು ಅದನ್ನು ಊಹಿಸಿ ನೋಡುವುದು) ಮಾಡಿದ ಮೇಲೂ ಊಹೆಗೂ ನಿಜವಾದ ಮಳೆಗೂ ಸಹಸಂಬಂಧ 0.82 ಬರುತ್ತದೆ. ಇಡೀ ಪೆಸಿಫಿಕ್ ಕೊಟ್ಟರೆ 0.2 ದಾಟುವುದಿಲ್ಲ. ಯಾವುದನ್ನು ಕಲಿಸಬೇಕು?

ಇನ್ನೊಂದು ಪ್ರಶ್ನೆ. "ವಾಡಿಕೆಗಿಂತ ಕಡಿಮೆ ಶೇ 45, ವಾಡಿಕೆ ಶೇ 35, ಹೆಚ್ಚು ಶೇ 20" ಎಂದು ಫಲಿತಾಂಶ ಬಂದರೆ ಪ್ರಕಟಣೆಯಲ್ಲಿ "ಈ ಬಾರಿ ಮಳೆ ಕಡಿಮೆ" ಎಂದು ಬರೆದುಬಿಡುತ್ತಾರೆ. ಇದನ್ನು ತಿದ್ದುವುದು ಹೇಗೆ?

ಅಂಕಿಗಣ್ಣು

0.82 ಸುಳ್ಳು. ಅದನ್ನು ಕಲಿಸಲೇಬೇಡಿ ಸರ್.

ಕಾರಣ ಸರಳ. ಚೌಕ ಆರಿಸುವಾಗ ನೀವು ಮೂವತ್ತೂ ವರ್ಷದ ಮಳೆಯನ್ನು ನೋಡಿಯೇ ಆರಿಸಿದ್ದೀರಿ. ಆಮೇಲೆ ಒಂದು ವರ್ಷ ಹೊರಗಿಟ್ಟು ಪರೀಕ್ಷಿಸಿದರೂ, ಆ ವರ್ಷ ಚೌಕದ ಆಯ್ಕೆಯೊಳಗೆ ಮೊದಲೇ ನುಸುಳಿರುತ್ತದೆ. ಪ್ರಶ್ನೆಪತ್ರಿಕೆ ನೋಡಿಕೊಂಡು ಪರೀಕ್ಷೆಗೆ ಕೂತ ಹಾಗೆ. ಮೂವತ್ತು ವರ್ಷದ ದತ್ತಾಂಶದಲ್ಲಿ ಸಹಸಂಬಂಧ ಬರೀ ಆಕಸ್ಮಿಕವಲ್ಲ ಎನ್ನಲು ಬಳಸುವ ಶೇ 5ರ ಮಟ್ಟದ ಗಡಿ 0.36. ನಕ್ಷೆಯಲ್ಲಿ ಸಾವಿರ ಚೌಕಗಳಿದ್ದರೆ, ಮಳೆಗೂ ಸಮುದ್ರಕ್ಕೂ ಯಾವ ನಂಟೂ ಇಲ್ಲದಿದ್ದರೂ ಸುಮಾರು ಐವತ್ತು ಚೌಕಗಳು ಆಕಸ್ಮಿಕವಾಗಿ ಆ ಗಡಿ ದಾಟುತ್ತವೆ. ನೀವು ಹೆಕ್ಕುತ್ತಿರುವುದು ಅವುಗಳನ್ನೇ.

ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಮಾಡಿಸಿ ತೋರಿಸಿ. ಎರಡನೇ ದಿನ ಮಳೆ ಕಡತದ ವರ್ಷಗಳನ್ನು ಎಕ್ಸೆಲ್‌ನಲ್ಲಿ ಕಲಸಿಬಿಡಿ: 1997ರ ಮಳೆ 2008ರ ಎದುರು, 2008ರದ್ದು 1993ರ ಎದುರು, ಹೀಗೆ. ಈಗ ಆ ಮಳೆಗೆ ಅರ್ಥವೇ ಇಲ್ಲ. ಅದೇ ಕ್ರಮದಲ್ಲಿ ಗಾಢ ಚೌಕ ಆರಿಸಿ ಮತ್ತೆ ಓಡಿಸಲಿ. ಆಗಲೂ ಭರ್ಜರಿ ಅಂಕ ಬರುತ್ತದೆ. ಕಲಸಿದ ಮಳೆಯನ್ನೂ ಚೆನ್ನಾಗಿ "ಊಹಿಸುವ" ವಿಧಾನ ನಿಜವಾದ ಮಳೆಯ ಬಗ್ಗೆ ಏನೂ ಹೇಳುತ್ತಿಲ್ಲ ಎಂದು ಅವರಿಗೇ ಹೊಳೆಯುತ್ತದೆ.

ಸರಿಯಾದ ದಾರಿ: ಪ್ರದೇಶವನ್ನು ಮೊದಲೇ, ಭೌತಿಕ ಕಾರಣ ನೋಡಿ ನಿಗದಿ ಮಾಡಿ, ಆಮೇಲೆ ಬದಲಿಸಬೇಡಿ. ಸಾಧ್ಯವಿದ್ದರೆ ಸಮುದ್ರ ತಾಪಮಾನದ ಬದಲು ಜಾಗತಿಕ ಮಾದರಿಗಳ ಮಳೆ ಮುನ್ಸೂಚನೆಯನ್ನೇ ಎಕ್ಸ್ ಕಡತವಾಗಿ (ಊಹಿಸಲು ಬಳಸುವುದು ಎಕ್ಸ್, ಊಹಿಸಬೇಕಾದ ಮಳೆ ವೈ) ಕೊಟ್ಟು ಸಿಸಿಎ (ಎರಡೂ ಕಡತಗಳ ವಿನ್ಯಾಸಗಳನ್ನು ಜೋಡಿಸುವ ವಿಧಾನ) ಮಾಡಿ. ಫೆಬ್ರವರಿ–ಮಾರ್ಚ್ ತಾಪಮಾನದಿಂದ ಮುಂಗಾರನ್ನು ಹಿಡಿಯುವುದು ಕಷ್ಟ, ಎಲ್ ನಿನೋ ಯಾವ ಕಡೆ ವಾಲುತ್ತದೆ ಎಂಬುದು ಆ ತಿಂಗಳುಗಳಲ್ಲೇ ಅತ್ಯಂತ ಅಸ್ಪಷ್ಟ. ಮೂವತ್ತು ವರ್ಷಕ್ಕೆ ಎಕ್ಸ್ ಕಡೆ ಹೆಚ್ಚೆಂದರೆ ಐದು ಇಒಎಫ್ (ದತ್ತಾಂಶದ ಮುಖ್ಯ ವಿನ್ಯಾಸಗಳು), ವೈ ಕಡೆ ಮೂರು ಸಾಕು. ಅಡ್ಡಪರೀಕ್ಷೆಯ ಕಿಟಕಿ, ಅಂದರೆ ಪ್ರತಿ ಸಲ ಹೊರಗಿಡುವ ಅವಧಿ, 5 ವರ್ಷ ಇಡಿ. ಕೊನೆಗೆ ರೆಟ್ರೋಆ್ಯಕ್ಟಿವ್ ಆಯ್ಕೆಯಲ್ಲಿ 1991–2010ರ ದತ್ತಾಂಶ ಮಾತ್ರ ಕೊಟ್ಟು 2011ನ್ನು ಊಹಿಸಲಿ, ನಂತರ 2011 ಸೇರಿಸಿ 2012. ಹೀಗೆ ಮಾಡಿ 0.3 ಬಂದರೆ ಅದೇ ನಿಮ್ಮ ನಿಜವಾದ ಶಕ್ತಿ, ಅದನ್ನೇ ಬರೆಯಿರಿ.

ಯುರೋಪಿನ ಇಸಿಎಂಡಬ್ಲ್ಯುಎಫ್ ಕೇಂದ್ರದ ಸೀಸ್5 ಮಾದರಿ ಬಳಸುವುದಾದರೆ ಒಂದು ಎಚ್ಚರ. 1981–2016ರ ಹಿಂದಿನ ವರ್ಷಗಳಿಗೆ 25 ಸದಸ್ಯರಿದ್ದಾರೆ (ಸದಸ್ಯ ಎಂದರೆ ಮಾದರಿಯನ್ನು ತುಸು ಬದಲಿಸಿ ಓಡಿಸಿದ ಒಂದು ಓಟ), 2017ರಿಂದ 51. ಸರಾಸರಿಗೆ ಸೇರುವ ಸದಸ್ಯರು ಹೆಚ್ಚಾದಷ್ಟೂ ಏರಿಳಿತ ಕಡಿಮೆ. ಎಲ್ಲ ವರ್ಷಕ್ಕೂ ಮೊದಲ 25 ಸದಸ್ಯರನ್ನೇ ತೆಗೆದುಕೊಂಡರೆ ಹೋಲಿಕೆ ನ್ಯಾಯವಾಗಿರುತ್ತದೆ.

ನಾಲೆಬಯಲು, ಮಂಡ್ಯ

ಲೆಕ್ಕಕ್ಕಿಂತ ಮುಂಚೆ ಇನ್ನೊಂದು ತಪ್ಪಿದೆ ಸರ್. ಜೂನ್–ಸೆಪ್ಟೆಂಬರ್ ಅನ್ನೋದು ಇಡೀ ದೇಶದ ಮುಂಗಾರಿನ ಕಿಟಕಿ, ಮಂಡ್ಯದ್ದಲ್ಲ. ನಮ್ಮಲ್ಲಿ ಮಳೆ ಎರಡು ಸಲ ಏರುತ್ತೆ: ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ದೊಡ್ಡದಾಗಿ ಇನ್ನೊಮ್ಮೆ. ನಿಮ್ಮ ಕಿಟಕಿ ಆ ದೊಡ್ಡ ಏರಿಕೆಯನ್ನು ಮಧ್ಯಕ್ಕೆ ಕತ್ತರಿಸಿ ಹಾಕಿದೆ.

ಕೆಆರ್‌ಎಸ್ ತುಂಬೋದು ಮಂಡ್ಯದ ಮಳೆಯಿಂದಲ್ಲ, ಕೊಡಗು ಮತ್ತು ಹೇಮಾವತಿ ಕಡೆಯ ಮಳೆಯಿಂದ. ಹಾಗಾಗಿ ಎರಡು ವೈ ಕಡತ ಬೇಕು. ಒಂದರಲ್ಲಿ ಕೊಡಗು–ಹಾಸನದ ಜೂನ್–ಆಗಸ್ಟ್ ಮಳೆ: ಅಣೆಕಟ್ಟೆ ತುಂಬುಮಟ್ಟ 124.80 ಅಡಿ ಮುಟ್ಟುತ್ತದೋ ಇಲ್ಲವೋ, ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ನೀರು ಯಾವಾಗ, ಒಟ್ಲು (ಭತ್ತದ ಸಸಿಮಡಿ) ಬಿಡಬಹುದೋ ಅನ್ನೋದಕ್ಕೆ. ಇನ್ನೊಂದರಲ್ಲಿ ಮಂಡ್ಯದ ಆಗಸ್ಟ್–ಅಕ್ಟೋಬರ್ ಮಳೆ: ನಾಗಮಂಗಲದ ಖುಷ್ಕಿ ರಾಗಿಗೆ. ನಾಟಿ ತಡವಾದರೆ ಭತ್ತ ಹೂ ಬಿಡುವ ಹೊತ್ತಿಗೆ ಚಳಿ ಹಿಡಿದು ಕಾಳು ಜೊಳ್ಳಾಗುತ್ತೆ, ಆದ್ದರಿಂದ ನೀರಿನ ದಿನಾಂಕಕ್ಕೆ ಮೊತ್ತದಷ್ಟೇ ತೂಕ. ನಿಮ್ಮ ಅತಿಥಿಗಳು ಕಲಿಯಬೇಕಾದ ಮೊದಲ ಪಾಠ ಇದೇ: ಯಾರ ಯಾವ ನಿರ್ಧಾರಕ್ಕೆ ಅಂತ ಕೇಳಿ, ಆಮೇಲೆ ತಿಂಗಳು ಆರಿಸಿ.

2023ನ್ನು ಉದಾಹರಣೆಗೆ ಇಟ್ಟುಕೊಳ್ಳಿ. ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 94, ಕಾಗದದ ಮೇಲೆ ಅಷ್ಟೇನೂ ಕೆಟ್ಟದಲ್ಲ. ಆದರೆ ಆ ಆಗಸ್ಟ್ 1901ರಿಂದೀಚೆಗೆ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯ್ತು.

ಶೇಕಡಾವಾರು ಕಲಿಸೋಕೆ ಕುಡಿಕೆ ಆಟ ಆಡಿಸಿ. ಒಂದು ಮಣ್ಣಿನ ಕುಡಿಕೆಗೆ ಇಪ್ಪತ್ತು ಅವರೆಕಾಳು: 9ಕ್ಕೆ ಕೆಂಪು ಮಸಿ (ಕಡಿಮೆ), 7ಕ್ಕೆ ಹಸಿರು (ವಾಡಿಕೆ), 4ಕ್ಕೆ ನೀಲಿ (ಹೆಚ್ಚು). ಕಡಲೆ, ಹುರುಳಿ ಅಂತ ಬೇರೆ ಬೇರೆ ಕಾಳು ಹಾಕಬೇಡಿ, ಬೆರಳಿಗೆ ಗುರುತು ಸಿಕ್ಕಿಬಿಡುತ್ತೆ. ಕಾಳು ತೆಗೆಯುವ ಮುಂಚೆ ಭತ್ತವೋ ರಾಗಿಯೋ ಹೇಳಬೇಕು. ಭತ್ತ ಎಂದವರಿಗೆ ಹಸಿರು ಅಥವಾ ನೀಲಿ ಬಂದರೆ 10 ಅಂಕ, ಕೆಂಪು ಬಂದರೆ 8 ಕಳೆಯಿರಿ. ರಾಗಿಗೆ ಏನೇ ಬಂದರೂ 3. ತೆಗೆದ ಕಾಳನ್ನು ವಾಪಸ್ ಹಾಕಿ, ಹತ್ತು ಸುತ್ತು. ಈ ಕುಡಿಕೆಯಲ್ಲಿ ಭತ್ತದ ಸರಾಸರಿ ಸುತ್ತಿಗೆ 1.9, ರಾಗಿಯೇ ಮೇಲು. ಮೂರೂ ಬಣ್ಣ ಸಮನಾಗಿದ್ದರೆ ಭತ್ತಕ್ಕೆ 4. ಕೆಂಪು ಬರೀ ಶೇ 45 ಇದ್ದರೂ ನಿರ್ಧಾರ ತಿರುಗುತ್ತದೆ, ಹಾಗೇ ಹತ್ತರಲ್ಲಿ ಐದಾರು ಸುತ್ತು ಕೆಂಪು ಬರೋದೇ ಇಲ್ಲ: ಎರಡನ್ನೂ ಅವರೇ ಕಣ್ಣಾರೆ ನೋಡ್ತಾರೆ.

ನಮ್ಮ ಕಡೆ ಸಣ್ಣ ಅವಧಿಯ ಮುನ್ಸೂಚನೆಯನ್ನು ಮಳೆ ನಕ್ಷತ್ರಕ್ಕೆ ಹೊಂದಿಸಿ ಹೇಳಬಹುದು. ಹವಾಮಾನ ಇಲಾಖೆ ಗುರುವಾರ ಕೊಡುವ ನಾಲ್ಕು ವಾರದ ಮುನ್ಸೂಚನೆಯ ಎರಡು ವಾರ ಸೇರಿದರೆ ಹೆಚ್ಚುಕಡಿಮೆ ಒಂದು ನಕ್ಷತ್ರ. "ಹುಬ್ಬೆ ಮಳೆ ಕೈಕೊಡೋ ಸಂಭವ ಹೆಚ್ಚು, ಉತ್ತರೆ ಪರವಾಗಿಲ್ಲ" ಅಂದರೆ ಯಾವ ರೈತನಿಗೂ ವಿವರಣೆ ಬೇಡ. ನಿಮ್ಮ ಅತಿಥಿಗಳಿಗೂ ತಮ್ಮ ಊರಿನ ಅಂಥ ಲೆಕ್ಕ ಏನಿದೆ ಅಂತ ಕೇಳಿ.

ಕಡತಶುದ್ಧಿ

ದತ್ತಾಂಶದ ಬಗ್ಗೆ ಯಾರೂ ಹೇಳಿಲ್ಲ, ತರಬೇತಿಯ ಅರ್ಧ ದಿನ ಹಾಳಾಗುವುದು ಅಲ್ಲೇ.

ನೈಜರ್‌ನವರ ಲ್ಯಾಪ್‌ಟಾಪ್ ಫ್ರೆಂಚ್ ವ್ಯವಸ್ಥೆಯಲ್ಲಿದ್ದರೆ 12.5 ಎಂಬುದು 12,5 ಎಂದು ಉಳಿಯುತ್ತದೆ. ಸಿಪಿಟಿ ಅದನ್ನು ಸರಿಯಾಗಿ ಓದುವುದಿಲ್ಲ. ಮೊದಲ ದಿನವೇ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಚುಕ್ಕೆ ಇಡಿಸಿ. ಕೇಂದ್ರಗಳ ಹೆಸರಿನ ನಡುವೆ ಜಾಗ ಬಿಡಬಾರದು.

ಇದಕ್ಕಿಂತ ಅಪಾಯಕಾರಿ, ದಾಖಲೆ ಇಲ್ಲದ ತಿಂಗಳಿಗೆ 0 ತುಂಬುವುದು. ಅದು -999 ಆಗಬೇಕು. ಸುತ್ತಲಿನ ಕೇಂದ್ರಗಳಲ್ಲಿ 150 ಮಿ.ಮೀ. ಬಿದ್ದ ತಿಂಗಳಲ್ಲಿ ಒಂದರಲ್ಲಿ ಮಾತ್ರ 0 ಇದ್ದರೆ ಅದು ಬರವಲ್ಲ, ರಜೆ ಹಾಕಿದ ಮಾಪಕ. ಅಂಥ ಕೆಲವು ಸೊನ್ನೆ ಸಾಕು, "ವಾಡಿಕೆಗಿಂತ ಕಡಿಮೆ" ಎಂದು ಗುರುತಿಸುವ, ಕೆಳಗಿನ ಮೂರನೇ ಒಂದರ ಗಡಿಯೇ ಕುಸಿಯುತ್ತದೆ. ಆ ಗಡಿಯನ್ನು ಕೈಯಲ್ಲೇ ತೆಗೆಸಿ: ಮೂವತ್ತು ವರ್ಷದ ಮಳೆಯನ್ನು ಏರಿಕೆಯಲ್ಲಿ ಬರೆದು, 10–11ನೆಯದರ ನಡುವೆ ಒಂದು ಗೆರೆ, 20–21ರ ನಡುವೆ ಇನ್ನೊಂದು. ಪ್ರಕಟಣೆಯಲ್ಲಿ ಈ ಎರಡು ಮಿ.ಮೀ. ಅಂಕಿ ಇಲ್ಲದಿದ್ದರೆ "ವಾಡಿಕೆಗಿಂತ ಕಡಿಮೆ" ಎಂದರೆ ಎಷ್ಟೆಂದು ಓದುವವನಿಗೆ ತಿಳಿಯದು.

ಕೇಂದ್ರಗಳು ವಿರಳವಾಗಿರುವ ದೇಶಗಳಿಗೆ ಚಿರ್ಪ್ಸ್ ಎಂಬ ಮಳೆ ದತ್ತಾಂಶ ಇದೆ: ಉಪಗ್ರಹ ಮತ್ತು ಮಳೆಮಾಪಕ ಬೆರೆಸಿದ್ದು, 0.05 ಡಿಗ್ರಿಯ ಚೌಕಗಳಲ್ಲಿ, 1981ರಿಂದ. ನಾಲ್ಕೂ ದೇಶದ ತಿಂಗಳವಾರು ಕಡತಗಳನ್ನು ಮೊದಲೇ ಕತ್ತರಿಸಿ ಪೆನ್‌ಡ್ರೈವ್‌ಗೆ ಹಾಕಿಡಿ. ದಿನದ ಮಳೆ ಹೋಲಿಸಿದರೆ ಮಾತ್ರ ಜೋಕೆ: ನಮ್ಮಲ್ಲಿ ಮಳೆದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ಉಪಗ್ರಹದ ದಿನ ಬೇರೆ. ಹಂಗಾಮಿನ ಮೊತ್ತಕ್ಕೆ ಅದರಿಂದ ಹೆಚ್ಚು ತೊಂದರೆಯಿಲ್ಲ.

ಮಳೆಲೆಕ್ಕ, ಮೈಸೂರು

ತುಂಬಾ ಉಪಕಾರವಾಯಿತು. ಕಲಸುವ ಅಭ್ಯಾಸ, ಎರಡು ವೈ ಕಡತ, ಕುಡಿಕೆ ಆಟ ಮೂರನ್ನೂ ಸೇರಿಸುತ್ತೇವೆ. ನಾಲ್ಕನೇ ದಿನ ಎಲ್ಲರೂ ತಮ್ಮ ದೇಶದ ದತ್ತಾಂಶಕ್ಕೆ ಬದಲಾಗುತ್ತಾರೆ. ಅಲ್ಲಿ ಮತ್ತೇನು ಕೈಕೊಡಬಹುದು?

ಅಂಕಿಗಣ್ಣು

ಮಲಾವಿಯವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್, ಅಂದರೆ ಹೊಸ ವರ್ಷ ದಾಟುತ್ತದೆ. ಡಿಸೆಂಬರ್ 2015–ಫೆಬ್ರವರಿ 2016ರ ಮಳೆಯನ್ನು ಎಕ್ಸ್‌ನಲ್ಲಿ 2015 ಎಂದು, ವೈನಲ್ಲಿ 2016 ಎಂದು ಗುರುತಿಸಿದರೆ ಎಲ್ಲ ವರ್ಷಗಳೂ ಒಂದೊಂದು ಸರಿದು ಹೋಗುತ್ತವೆ. ತಂತ್ರಾಂಶ ದೂರು ಹೇಳುವುದಿಲ್ಲ, ಅಂಕ ಮಾತ್ರ ಪಾತಾಳಕ್ಕೆ ಇಳಿಯುತ್ತದೆ. ಇಥಿಯೋಪಿಯಾದವರು ಜೂನ್–ಸೆಪ್ಟೆಂಬರ್‌ನ ಕಿರೆಮ್ತ್ ಮಳೆಯನ್ನೇ ತೆಗೆದುಕೊಳ್ಳಲಿ, ಎಲ್ ನಿನೋ ನಂಟು ಅಲ್ಲಿ ಸ್ಪಷ್ಟ.

ಪ್ರಾದೇಶಿಕ ಮುನ್ಸೂಚನಾ ಸಭೆಗಳು ದಕ್ಷಿಣ ಆಫ್ರಿಕಾ ಭಾಗದಲ್ಲಿ 1997ರಿಂದ, ನಮ್ಮ ದಕ್ಷಿಣ ಏಷ್ಯಾದಲ್ಲಿ 2010ರಿಂದ ನಡೆಯುತ್ತಿವೆ. ಅಲ್ಲಿ ತಜ್ಞರು ಒಮ್ಮತಕ್ಕೆ ಬರುವಾಗ ಸುರಕ್ಷಿತವೆಂದು "ವಾಡಿಕೆ"ಗೇ ಹೆಚ್ಚು ಪಾಲು ಕೊಡುವ ಚಾಳಿ ಬೆಳೆಯಿತು, ಅದಕ್ಕೇ ವಿಶ್ವ ಹವಾಮಾನ ಸಂಸ್ಥೆ 2020ರ ಮಾರ್ಗದರ್ಶಿಯಲ್ಲಿ ವಸ್ತುನಿಷ್ಠ ವಿಧಾನಕ್ಕೆ ಒತ್ತು ಕೊಟ್ಟಿತು. ನಿಮ್ಮವರೂ ಕೈಯಿಂದ ಅಂಕಿ ತಿದ್ದಿದರೆ ಕಾರಣ ಬರೆದಿಡಲಿ.

ಅಮೆರಿಕದ ಸರ್ಕಾರಿ ಹವಾಮಾನ ಸಂಸ್ಥೆ ನೋವಾ ಆಫ್ರಿಕದ ಹವಾಮಾನ ಸಿಬ್ಬಂದಿಗಾಗಿ 1994ರಿಂದ ನಡೆಸುತ್ತಿರುವ ಆಫ್ರಿಕನ್ ಡೆಸ್ಕ್‌ನಲ್ಲಿ ಒಬ್ಬೊಬ್ಬರೂ ನಾಲ್ಕು ತಿಂಗಳು ಕುಳಿತು ಕಲಿಯುತ್ತಾರೆ. ನಿಮಗಿರುವುದು ಐದು ದಿನ, ಹಾಗಾಗಿ ಮುಂದಿನ ಒಂದು ವರ್ಷ ತಿಂಗಳಿಗೊಮ್ಮೆ ಕರೆ ಇಟ್ಟುಕೊಳ್ಳಲೇಬೇಕು. ಹಂಗಾಮಿಗೆ ಮುಂಚೆ ಮುನ್ಸೂಚನೆಯನ್ನು ದಿನಾಂಕ ಸಮೇತ ಕಳುಹಿಸಲಿ, ಮುಗಿದ ಮೇಲೆ ಅಂಕ ಹಾಕಲಿ. ಈ ಅಂಕ ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. 45–35–20 ಎಂದಿದ್ದು ಮಳೆ ಕಡಿಮೆಯಾದರೆ (0.45−1)²+(0.80−1)² = 0.34 (0.80 ಎಂದರೆ 0.45+0.35). ಮೂರಕ್ಕೂ ಸಮಪಾಲು ಕೊಟ್ಟವನಿಗೆ 0.56, ಆದ್ದರಿಂದ ಅವನಿಗಿಂತ ಲಾಭ 1 − (0.3425 ÷ 0.5556) = 0.38. ಮಳೆ ಹೆಚ್ಚಾದರೆ 0.84, ಅಂದರೆ −0.52. ಒಂದು ವರ್ಷದ ಅಂಕಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಎಲ್ಲ ಕೇಂದ್ರಗಳನ್ನೂ ಹಲವು ಹಂಗಾಮುಗಳನ್ನೂ ಸೇರಿಸಿ ಸರಾಸರಿ ತೆಗೆಯಲಿ.