ಎಂ36 ಫ್ಲಾಂಜ್ ಸ್ಟಡ್ ಬಿಗಿ ಮಾಡಲು ಟೆನ್ಷನರ್ ತಗೊಳ್ಳಬೇಕಾ? ಅನುಭವ ಇದ್ದವರು ಹೇಳಿ

ಹೊಳೆಬದಿ:
ಹೊಸನಗರದ ಕಡೆ ಒಂದು ಮಿನಿ ಹೈಡೆಲ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಟರ್ಬೈನಿಗೆ ನೀರು ತರುವ ಪೆನ್‌ಸ್ಟಾಕ್ ಪೈಪಿಗೂ ಇನ್‌ಲೆಟ್ ವಾಲ್ವಿಗೂ ನಡುವಿನ ಫ್ಲಾಂಜ್ (ಎರಡನ್ನೂ ಸೇರಿಸುವ ದಪ್ಪ ಬಳೆ) ಹೋದ ಮಳೆಗಾಲದಲ್ಲಿ ತಳದ ಕಡೆ ಸೋರಲು ಶುರುವಾಯಿತು. 24 ಸ್ಟಡ್ (ತಲೆ ಇಲ್ಲದ ಬೋಲ್ಟ್), ಎಂ36 ಅಂದರೆ 36 ಮಿಮೀ ವ್ಯಾಸ, 8.8 ಗ್ರೇಡ್. ಎರಡು ಫ್ಲಾಂಜ್ ಸೇರಿ ದಪ್ಪ 150 ಮಿಮೀ. ಮಧ್ಯೆ ರಬ್ಬರ್ ಓ-ರಿಂಗ್, ಗ್ಯಾಸ್ಕೆಟ್ ಇಲ್ಲ. ನಟ್ಟಿನಿಂದ ಆಚೆ ಎರಡೇ ಥ್ರೆಡ್ ಕಾಣುತ್ತವೆ. ಒಂದು ಪಕ್ಕ ಗೋಡೆ, ಗೇಣು ಜಾಗ. ಇಷ್ಟು ವರ್ಷ ಸ್ಪ್ಯಾನರ್ ಕೊಟ್ಟು ಸುತ್ತಿಗೆಯಲ್ಲಿ ಹೊಡೆದೇ ಬಿಗಿ ಮಾಡುತ್ತಿದ್ದರು. ಈಗ ಮಾಲೀಕರು ಹೈಡ್ರಾಲಿಕ್ ಟೆನ್ಷನರ್ ತಗೊಳ್ಳೋಣ ಅನ್ನುತ್ತಿದ್ದಾರೆ. ತಗೊಳ್ಳಬಹುದಾ, ತಿರುಗಿಸುವ ಬಲ (ಟಾರ್ಕ್) ಅಳೆಯುವ ಟಾರ್ಕ್ ರೆಂಚಲ್ಲೇ ಆಗುತ್ತಾ? ಹೊಳೆ ಏರುವ ಮೊದಲು ಮುಗಿಸಬೇಕು.

ಮಾಚೇನಹಳ್ಳಿ ಪ್ರೆಸ್ ಶಾಪ್:
ಕಣ್ಣು ಮುಚ್ಚಿ ಟೆನ್ಷನರ್ ತಗೊಳ್ಳಿ ಸಾರ್. ನಮ್ಮ ಫೋರ್ಜಿಂಗ್ ಪ್ರೆಸ್ಸಿನ ಟೈ ರಾಡ್ ನಟ್ಟುಗಳು ಸಡಿಲ ಆಗಿ ಆಗಿ ಬೇಸತ್ತು ಕೊನೆಗೆ ತಗೊಂಡೆವು. ಸ್ಟಡ್ ಎಳೆಯುವ ನಾಲ್ಕು ತಲೆ, ಒಂದು ಪಂಪ್, ಹೋಸ್ ಸೇರಿ 9.4 ಲಕ್ಷ. ಮೇಲೆ 18% ಜಿಎಸ್‌ಟಿ. ಹನ್ನೊಂದು ಲಕ್ಷ ದಾಟಿತು. ಬಾಕ್ಸ್ ಬಿಚ್ಚಿದರೆ ಕಪ್ಲಿಂಗ್ ಇಲ್ಲ! ಕೇಳಿದರೆ ಅದು ಬೇರೆ ಐಟಂ ಅಂದರು, ಅದಕ್ಕೆ 22 ಸಾವಿರ. ಕಲಿಸಲು ಬಂದ ಹುಡುಗನಿಗೆ 15 ಸಾವಿರ, ಲಾಡ್ಜು, ಊಟ ನಮ್ಮದೇ. ವರ್ಷ ತುಂಬುವ ಮೊದಲೇ ಒಂದು ತಲೆಯ ಸೀಲ್ ಹೋಯಿತು. ಕಿಟ್ 6,800. ವಾರಂಟಿಯಲ್ಲಿ ಸೀಲ್ ಬರಲ್ಲ ಅಂತ ಮಾರಿದವರು ಕೈ ತೊಳೆದುಕೊಂಡರು.

ಆದರೂ ಹೇಳುತ್ತೇನೆ, ಅದರ ಸುಖವೇ ಬೇರೆ. ತಿರುಗಿಸುವ ಕೆಲಸವೇ ಇಲ್ಲ, ಎಳೆಯುವುದಷ್ಟೇ. ಪಂಪ್ ಹೊಡೆದಂತೆ ಸ್ಟಡ್ ಹಿಗ್ಗುತ್ತದೆ, ನಟ್ಟು ತಳ ಬಿಟ್ಟು ಸಡಿಲ ಆಗುತ್ತದೆ. ಟೂಲಿನ ಕಿಟಕಿಯಲ್ಲಿ ಟಾಮಿ ಬಾರ್ (ಪುಟ್ಟ ಸಲಾಕೆ) ತೂರಿಸಿ ಒಂದು ಬೆರಳಲ್ಲಿ ನಟ್ಟು ಓಡಿಸಿ. ಒತ್ತಡ ಬಿಡಿ. ಮುಗೀತು. ಥ್ರೆಡ್ಡಿಗೆ ಸವೆತ ಇಲ್ಲ, ಸ್ಟಡ್ಡಿಗೆ ತಿರುಚು ಇಲ್ಲ. ಟಾರ್ಕ್ ರೆಂಚ್ ಹಿಡಿದವರು ಎಷ್ಟೇ ಕಿಟಕ್ ಅನ್ನಿಸಿದರೂ ಒಳಗೆ ಎಷ್ಟು ಎಳೆತ ಕೂತಿದೆ ಅಂತ ಅವರಿಗೇ ಗೊತ್ತಿರಲ್ಲ.

ಆಟೋ ಕಾಂಪ್ಲೆಕ್ಸ್ ಮೇಸ್ತ್ರಿ:
ಹನ್ನೊಂದು ಲಕ್ಷ ಕೊಟ್ಟವರು ಹಾಗೆ ಹೇಳಲೇಬೇಕು ಬಿಡಿ.

ನಾವು ಶಿವಮೊಗ್ಗದಲ್ಲಿ ಲಾರಿ ಎಂಜಿನ್ ಕಟ್ಟುವವರು. ಹೆಡ್ ಬೋಲ್ಟಿಗೆ ಟಾರ್ಕ್ ರೆಂಚ್, ಆಮೇಲೆ ಆ್ಯಂಗಲ್ ಗೇಜ್. ಮೊದಲು ಕಂಪನಿ ಹೇಳಿದಷ್ಟು ಟಾರ್ಕ್, ಮೇಲೆ 90 ಡಿಗ್ರಿ, ಕೆಲವಕ್ಕೆ ಮತ್ತೆ 90. ಡಿಗ್ರಿಯಲ್ಲಿ ತಿರುಗಿಸಿದಾಗ ಎಣ್ಣೆ ಹೆಚ್ಚಾಯಿತು, ಕಡಿಮೆಯಾಯಿತು ಅನ್ನುವ ತಕರಾರು ಅಷ್ಟು ಬರಲ್ಲ. ಬೋಲ್ಟ್ ಹಿಗ್ಗುವುದು ತಿರುಗಿಸಿದ ಲೆಕ್ಕಕ್ಕೆ.

ಆದರೆ ಹಾಗೆ ಯೀಲ್ಡ್ ತನಕ, ಅಂದರೆ ಮೊದಲಿನ ಉದ್ದಕ್ಕೆ ವಾಪಸ್ ಬಾರದಷ್ಟು ಹಿಗ್ಗಿದ ಬೋಲ್ಟ್ ಮತ್ತೆ ಹಾಕುವ ಹಾಗಿಲ್ಲ. ಇದನ್ನು ಗಿರಾಕಿಗೆ ಹೇಳಿ ನೋಡಿ. ಒಬ್ಬರು ಅಡಿಕೆ ಲೋಡಿನ ಲಾರಿ ತಂದರು. ಹೊಸ ಬೋಲ್ಟ್ ಸೆಟ್ಟಿಗೆ 4,200 ಅಂದದ್ದಕ್ಕೆ ಬೇಡ ಅಂತ ಇನ್ನೊಂದು ಗ್ಯಾರೇಜಿಗೆ ಹೋದರು. ಅಲ್ಲಿ ಹಳೆ ಬೋಲ್ಟೇ ಹಾಕಿದ್ದಾರೆ. ಅದೂ ತೂತಿನೊಳಗಿನ ಎಣ್ಣೆ ತೆಗೆಯದೆ. ತಳ ಮುಚ್ಚಿದ ತೂತು ಅದು. ಎಣ್ಣೆ ಹೋಗಲು ದಾರಿ ಇಲ್ಲ, ಬೋಲ್ಟ್ ಇಳಿದಂತೆ ಒತ್ತಡ ಏರಿ ಬ್ಲಾಕ್ ಸೀಳು ಬಿಟ್ಟಿತು. ಬ್ಲಾಕ್ ವೆಲ್ಡಿಂಗ್ 18,000, ಹೆಡ್ ಫೇಸಿಂಗ್ 2,800, ಗ್ಯಾಸ್ಕೆಟ್ 3,600, ನನ್ನ ಕೂಲಿ 9,000. ಕೊನೆಗೆ 4,200ರ ಬೋಲ್ಟನ್ನೂ ತಗೊಂಡರು. ಆ ಬಾಕಿಯಲ್ಲಿ ನನಗೆ ಇನ್ನೂ ಐದು ಸಾವಿರ ಬರಬೇಕು.

ಮಾಚೇನಹಳ್ಳಿ ಪ್ರೆಸ್ ಶಾಪ್:
ಲಾರಿ ಹೆಡ್ ಬೋಲ್ಟಿಗೂ ಎಂ36ಗೂ ಹೋಲಿಕೆಯಾ ಮಾರಾಯ್ರೆ? ನಟ್ಟಿಗೆ ನೀವು ಹಾಕುವ ಬಲದಲ್ಲಿ ಸುಮಾರು ಅರ್ಧ ನಟ್ಟಿನ ತಳದ ಘರ್ಷಣೆ ತಿನ್ನುತ್ತದೆ. 40% ಥ್ರೆಡ್ಡಿನ ಘರ್ಷಣೆ. ಉಳಿದ ಹತ್ತೇ ಸ್ಟಡ್ ಹಿಗ್ಗಿಸುವುದು. ಬರೀ ಟಾರ್ಕ್ ನಂಬಿದರೆ ಎಳೆತದಲ್ಲಿ 25ರಿಂದ 30% ಆಚೀಚೆ ಆಗುವುದು ಮಾಮೂಲಿ.

ಆಟೋ ಕಾಂಪ್ಲೆಕ್ಸ್ ಮೇಸ್ತ್ರಿ:
ಅದು ತುಕ್ಕು ಹಿಡಿದ ಥ್ರೆಡ್ಡಿಗೆ. ವೈರ್ ಬ್ರಷ್ ಹಾಕಿ ಉಜ್ಜಿ, ಡೀಸೆಲ್‌ನಲ್ಲಿ ತೊಳೆದು, ಎಲ್ಲಕ್ಕೂ ಒಂದೇ ಗ್ರೀಸ್ ಹಚ್ಚಿದರೆ ಅಷ್ಟೆಲ್ಲ ಬರಲ್ಲ. ನಿಮ್ಮಲ್ಲಿ ಬ್ರಷ್ ಹಿಡಿಯುವವರು ಇಲ್ಲ ಅನ್ನಿ.

ಭದ್ರಾವತಿ ರಿಟೈರ್ಡ್:
ಈಗಿನವರಿಗೆ ದುಡ್ಡು ಕೊಡುವುದೊಂದೇ ಗೊತ್ತು. ನಮ್ಮ ಕಾಲದಲ್ಲಿ ರೋಲಿಂಗ್ ಮಿಲ್ ಸ್ಟ್ಯಾಂಡಿನ ಟೈ ಬೋಲ್ಟ್ ಕಾಯಿಸಿಯೇ ಬಿಗಿ ಮಾಡುತ್ತಿದ್ದೆವು. ಬೋಲ್ಟಿನ ನಡುವೆ ಉದ್ದಕ್ಕೂ ತೂತು ಇರುತ್ತದೆ. ಅದರಲ್ಲಿ ಹೀಟರ್ ಕಡ್ಡಿ ಇಳಿಸಿ ಕಾಯಿಸುವುದು, ಉದ್ದ ಆದಾಗ ನಟ್ಟನ್ನು ಗುರುತು ಹಾಕಿದ ಗೆರೆಯ ತನಕ ಕೈಯಲ್ಲಿ ತಿರುಗಿಸಿ ಬಿಡುವುದು. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವ ಹಾಗೆ. ಆರಿದಾಗ ತಾನೇ ಎಳೆದುಕೊಳ್ಳುತ್ತದೆ. ದೊಡ್ಡ ಸ್ಟೀಮ್ ಟರ್ಬೈನ್ ಕೇಸಿಂಗಿಗೂ ಇದೇ ಪದ್ಧತಿ. ಹನ್ನೊಂದು ಲಕ್ಷ ಬೇಡ, ಸೀಲ್ ಕಿಟ್ ಬೇಡ. ಬಿಗಿ ಆಗಿದೆಯಾ ಅಂತ ನೋಡಲು ಪುಟ್ಟ ಸುತ್ತಿಗೆ ಸಾಕು. ಸ್ಟಡ್ಡಿನ ತುದಿಗೆ ತಟ್ಟಿದರೆ ಸಡಿಲ ಇರುವುದು ಮಂಕಾಗಿ ಕೇಳುತ್ತದೆ.

ಜಲ್ಲಿ ಕ್ರಷರ್ ಆಯನೂರು:
ಎಲ್ಲರೂ ಬಿಗಿ ಮಾಡುವುದನ್ನೇ ಹೇಳುತ್ತೀರಿ. ಬಿಗಿ ಮಾಡಿದ್ದು ಉಳಿಯಬೇಕಲ್ಲ? ಜಾ ಕ್ರಷರ್ ಇಟ್ಟವರಿಗೆ ಗೊತ್ತು ಆ ಸಂಕಟ. ಬೇರಿಂಗ್ ಹೌಸಿಂಗ್ ಬೋಲ್ಟ್ ಸಡಿಲ ಆಗುತ್ತಲೇ ಇತ್ತು. ಅಂಗಡಿಯವನು 12.9 ಗ್ರೇಡ್ ಹಾಕಿ ಅಂದ. ಬಿಳಿ ಮಿಂಚುವ ಜಿಂಕ್ ಪ್ಲೇಟಿಂಗ್ ಮಾಡಿದ ಬೋಲ್ಟ್ ಕೊಟ್ಟ, ಒಂದಕ್ಕೆ 640 ರೂಪಾಯಿ. ಸಂಜೆ ಬಿಗಿ ಮಾಡಿ ಮನೆಗೆ ಬಂದೆವು. ಮೆಷಿನ್ ಆನ್ ಕೂಡ ಮಾಡಿರಲಿಲ್ಲ. ಬೆಳಿಗ್ಗೆ ಹೋದರೆ ಮೂರು ಬೋಲ್ಟಿನ ತಲೆ ಮಣ್ಣಲ್ಲಿ ಬಿದ್ದಿವೆ! ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು. ಅಂಗಡಿಯವನು ನೀವು ಜಾಸ್ತಿ ಬಿಗಿ ಮಾಡಿದ್ದೀರಿ ಅಂತ ನನ್ನ ಮೇಲೇ ಹಾಕಿದ. ಈಗ ಸಾದಾ 8.8, ಮೇಲೆ ಸ್ಪ್ರಿಂಗ್ ವಾಷರ್. ನೀವೂ ಸ್ಪ್ರಿಂಗ್ ವಾಷರ್ ಹಾಕಿ, ಆರಾಮಾಗಿರಿ.

ಎಳೆತದ ಲೆಕ್ಕ:
ಸ್ಪ್ರಿಂಗ್ ವಾಷರ್ ಬೇಡ. ಯಾರೂ ಹಾಕಬೇಡಿ. ಜರ್ಮನಿಯ ಎಂಜಿನಿಯರ್ ಜುಂಕರ್ 1969ರಲ್ಲೇ ತೋರಿಸಿದ್ದಾರೆ: ಬೋಲ್ಟ್ ಸಡಿಲ ಆಗುವುದು ಮುಖ್ಯವಾಗಿ ಜೋಡಣೆ ಅಡ್ಡಕ್ಕೆ ಜಾರಿದಾಗ. ಜಾರದಂತೆ ಹಿಡಿಯುವುದು ಎಳೆತ, ವಾಷರ್ ಅಲ್ಲ. ಸ್ಪ್ರಿಂಗ್ ವಾಷರ್ ಪೂರ್ತಿ ಚಪ್ಪಟೆ ಆಗಲು ಆ ಎಳೆತದ ಸಣ್ಣ ಪಾಲು ಸಾಕು. ಆಮೇಲೆ ಅದು ಸುಮ್ನೆ ಒಂದು ಬಿಲ್ಲೆ. ನಿಮ್ಮ 12.9 ತುಂಡಾದದ್ದು ಬಿಗಿ ಜಾಸ್ತಿಯಾಗಿ ಇರಲಿಕ್ಕಿಲ್ಲ. ಅಷ್ಟು ಗಡಸು ಉಕ್ಕಿಗೆ ಕರೆಂಟಿನಲ್ಲಿ ಜಿಂಕ್ ಕೊಟ್ಟರೆ ಹೈಡ್ರೋಜನ್ ಒಳಗೆ ಸೇರುತ್ತದೆ. ಸರಿಯಾಗಿ ಬೇಯಿಸಿ ಹೊರಗೆ ತೆಗೆಯದಿದ್ದರೆ ಗಂಟೆಗಳ ನಂತರ ತಾನಾಗಿ ಮುರಿಯುತ್ತದೆ. ಹರಳು ಹರಳು ಕಂಡಿತು ಅಂದಿರಲ್ಲ, ಅದೇ ಲಕ್ಷಣ.

ಜಲ್ಲಿ ಕ್ರಷರ್ ಆಯನೂರು:
ಮೇಡಂ, ಜರ್ಮನಿಯಲ್ಲಿ ನಮ್ಮ ಜಲ್ಲಿ ಒಡೆಯಲ್ಲ. ಸ್ಪ್ರಿಂಗ್ ವಾಷರ್ ಹಾಕಿದ ಮೇಲೆ ನನ್ನ ಬೋಲ್ಟ್ ಸಡಿಲ ಆಗಿಲ್ಲ.

ಆಟೋ ಕಾಂಪ್ಲೆಕ್ಸ್ ಮೇಸ್ತ್ರಿ:
12.9 ತೆಗೆದು ಹೊಸ ಬೋಲ್ಟ್ ಹಾಕಿದಾಗ ಸರಿಯಾಗಿ ಬಿಗಿ ಮಾಡಿರುತ್ತೀರಿ. ಹೆಸರು ಮಾತ್ರ ವಾಷರಿಗೆ ಬಂತು.

ಎಳೆತದ ಲೆಕ್ಕ:
ಹೊಳೆಬದಿಯವರು ಕೇಳಿದ್ದನ್ನು ಯಾರೂ ಓದಿದ ಹಾಗಿಲ್ಲ. ಎಂ36, 8.8 ಅಂದರೆ ಪ್ರೂಫ್ ಲೋಡ್ (ಕಾಯಂ ಹಿಗ್ಗದೆ ತಡೆಯುವ ಎಳೆತ) 490 ಕಿಲೋನ್ಯೂಟನ್. ಅದರ 70% ಇಟ್ಟುಕೊಂಡರೆ ಒಂದೊಂದು ಸ್ಟಡ್ ಸುಮಾರು 35 ಟನ್ ಎಳೆತದಲ್ಲಿ ಇರಬೇಕು. ಒಣ ಥ್ರೆಡ್ ಆದರೆ ಟಾರ್ಕ್ 2,450 ನ್ಯೂಟನ್ ಮೀಟರ್ ದಾಟುತ್ತದೆ. ಮಾಲಿಬ್ಡಿನಂ ಪೇಸ್ಟ್ ಹಚ್ಚಿದರೆ ಅದೇ ಎಳೆತಕ್ಕೆ 1,500 ಸಾಕು. ಪೇಸ್ಟ್ ಹಚ್ಚಿ ಒಣ ಲೆಕ್ಕದ ಟಾರ್ಕ್ ಕೊಟ್ಟರೆ ಸ್ಟಡ್ ಪ್ರೂಫ್ ಲೋಡನ್ನೂ ಮೀರುತ್ತದೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಥ್ರೆಡ್ ತುಕ್ಕು ಹಿಡಿದಿದ್ದರಂತೂ ರೆಂಚಿನ ಸಂಖ್ಯೆಗೆ ಅರ್ಥವೇ ಇಲ್ಲ.

ಟೆನ್ಷನರ್ ಹಿಡಿದು ಎಳೆಯಲು ನಟ್ಟಿನಿಂದ ಆಚೆ ಸ್ಟಡ್ ಸುಮಾರು ಒಂದು ವ್ಯಾಸದಷ್ಟು, ಅಂದರೆ 36 ಮಿಮೀ ಇರಬೇಕು. ಅವರಿಗೆ ಇರುವುದು ಎರಡು ಥ್ರೆಡ್, 8 ಮಿಮೀ. ಹಾಗಾಗಿ ಮೊದಲು 24 ಉದ್ದದ ಸ್ಟಡ್ ಮಾಡಿಸಬೇಕು. ಮೇಲಾಗಿ ಹಿಡಿತದ ಉದ್ದ, ಅಂದರೆ ಆ 150 ಮಿಮೀ, ವ್ಯಾಸದ ನಾಲ್ಕು ಪಟ್ಟು ಚಿಲ್ಲರೆ ಅಷ್ಟೇ. ಇಷ್ಟು ಗಿಡ್ಡ ಸ್ಟಡ್ಡಿಗೆ ಒತ್ತಡ ಬಿಟ್ಟ ಕೂಡಲೇ ಎಳೆತದ ದೊಡ್ಡ ಪಾಲು ನಟ್ಟು ಕೂರುವಾಗಲೇ ಕಳೆದುಹೋಗುತ್ತದೆ. ಅದಕ್ಕೆ ಮೊದಲೇ ಹೆಚ್ಚು ಎಳೆಯಬೇಕು. ಟೈ ರಾಡ್ ಉದ್ದ ಇರುತ್ತದೆ, ಅಲ್ಲಿ ಈ ತೊಂದರೆ ಕಾಣಲ್ಲ.

ಮಾಚೇನಹಳ್ಳಿ ಪ್ರೆಸ್ ಶಾಪ್:
ಉದ್ದದ ಸ್ಟಡ್ ಮಾಡಿಸಲಿ, ಏನೀಗ? ನಟ್ಟು ಸೇರಿ ಒಂದಕ್ಕೆ 700 ಅಂದರೂ 17 ಸಾವಿರ ಆಗಲ್ಲ.

ಎಳೆತದ ಲೆಕ್ಕ:
17 ಸಾವಿರದ ಸ್ಟಡ್ಡಿಗಾಗಿ 11 ಲಕ್ಷದ ಟೂಲ್. ಇನ್ನು ರಿಟೈರ್ಡ್ ಸಾರ್ ಹೇಳಿದ್ದಕ್ಕೆ: ಈ ಸ್ಟಡ್ 0.3 ಮಿಮೀ ಹಿಗ್ಗಬೇಕು. 150 ಮಿಮೀ ಉದ್ದಕ್ಕೆ ಅಷ್ಟು ಬೇಕಾದರೆ ಈಗಿನ ಬಿಸಿಗಿಂತ 170 ಡಿಗ್ರಿ ಮೇಲೆ ಕಾಯಿಸಬೇಕು. ಪಕ್ಕದಲ್ಲೇ ಓ-ರಿಂಗ್ ಇದೆ. ನೈಟ್ರೈಲ್ ರಬ್ಬರ್ 100 ಡಿಗ್ರಿ ದಾಟಿದರೆ ಗಟ್ಟಿಯಾಗಲು ಶುರು.

ಭದ್ರಾವತಿ ರಿಟೈರ್ಡ್:
ಓ-ರಿಂಗ್ ಇರುವ ಕಡೆ ಕಾಯಿಸಿ ಅಂತ ನಾನೆಲ್ಲಿ ಹೇಳಿದೆ? ಪದ್ಧತಿ ಹೇಳಿದೆ. ತಿಳಿದುಕೊಳ್ಳುವವರಿಗೆ.

ಹೊಳೆಬದಿ:
ಮೇಡಂ, ಧನ್ಯವಾದ. ಗೋಡೆ ಪಕ್ಕ ಏನು ಮಾಡಲಿ? ಇನ್ನೊಂದು, ನೀರು ಖಾಲಿ ಮಾಡಿ ಫೀಲರ್ ಗೇಜ್ ಹಾಕಿ ನೋಡಿದೆ. ಮೇಲುಗಡೆ ಫ್ಲಾಂಜ್ ಮುಖಗಳು ಕೂತಿವೆ. ಕೆಳಗೆ 0.4 ಮಿಮೀ ಸಂದು ಇದೆ.

ಮಾಚೇನಹಳ್ಳಿ ಪ್ರೆಸ್ ಶಾಪ್:
ಅಷ್ಟು ಸಂದು ಟೆನ್ಷನರ್ ಎಳೆದುಬಿಡುತ್ತೆ.

ಆಟೋ ಕಾಂಪ್ಲೆಕ್ಸ್ ಮೇಸ್ತ್ರಿ:
ನಿಮ್ಮದನ್ನೇ ಅವರಿಗೆ ವಾರದ ಮಟ್ಟಿಗೆ ಬಾಡಿಗೆಗೆ ಕೊಡಿ ಹಾಗಾದರೆ.

ಮಾಚೇನಹಳ್ಳಿ ಪ್ರೆಸ್ ಶಾಪ್:
ಬಾಡಿಗೆಗೆ ಕೊಡಲ್ಲ. ಸೀಲ್ ಹೋದರೆ ಯಾರು ಕೊಡುತ್ತಾರೆ 6,800?

ಎಳೆತದ ಲೆಕ್ಕ:
ಎಳೆಯಬೇಡಿ. ಕೆಳಗೆ ಮಾತ್ರ ಸಂದು ಇದ್ದರೆ ಪೈಪ್ ಕೂತಿರುವ ಸ್ಯಾಡಲ್ ಕುಸಿದಿದೆಯಾ, ಪೈಪ್ ಓರೆ ಆಗಿದೆಯಾ ನೋಡಿ. ಪೈಪನ್ನು ಸ್ಟಡ್ಡಿನ ಬಲದಲ್ಲಿ ಎಳೆದು ಕೂರಿಸಿದರೆ ಆ ಎಳೆತ ಪೈಪಿಗೇ ಖರ್ಚು, ಫ್ಲಾಂಜ್ ಒತ್ತಲು ಉಳಿಯಲ್ಲ. ಮೊದಲು ಸ್ಯಾಡಲ್ ಕೆಳಗೆ ಶಿಮ್ (ತೆಳು ತಗಡು) ಕೊಟ್ಟು ಮುಖಗಳು ತಾವಾಗಿ ಕೂರುವಂತೆ ಮಾಡಿ. ಹೊಸ ಓ-ರಿಂಗ್ ಹಾಕಿ. ಆಮೇಲೆ ಎದುರು ಬದುರು ಸ್ಟಡ್ ಹಿಡಿದು ಪೂರ್ತಿ ಟಾರ್ಕಿನ 30, 60, 100% ಅಂತ ಮೂರು ಸುತ್ತು. ಕೊನೆಗೆ ಸಾಲಾಗಿ ಒಂದು ಸುತ್ತು, ಯಾವ ನಟ್ಟೂ ಅಲ್ಲಾಡದ ತನಕ. ಗೋಡೆ ಪಕ್ಕಕ್ಕೆ ತೆಳು ಕ್ಯಾಸೆಟ್ ಇರುವ ಹೈಡ್ರಾಲಿಕ್ ಟಾರ್ಕ್ ರೆಂಚ್ ಸಿಗುತ್ತದೆ, ಬಾಡಿಗೆಗೂ ಬರುತ್ತದೆ. 55 ಮಿಮೀ ನಟ್ಟಿನದ್ದು ಅಂತ ಕೇಳಿ.

ಭದ್ರಾವತಿ ರಿಟೈರ್ಡ್:
ಟೂಲ್‌ಗೆ ದುಡ್ಡು ಸುರಿಯಬೇಡಿ ಅಂತ ನಾನು ಮೊದಲೇ ಹೇಳಿದ್ದೆ.

ಆಟೋ ಕಾಂಪ್ಲೆಕ್ಸ್ ಮೇಸ್ತ್ರಿ:
ನೀವು ಹೇಳಿದ್ದು ಕಾಯಿಸಿ ಅಂತ.